ಎರಡೆಳೆಯ ಹುರಿ

ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ, ಎಂಟು ಬೆಟ್ಟಗಳ ನಡುವೆ ಎಣ್ಮಲೆ ಎಂಬ ರಾಜ್ಯವಿತ್ತು. ಬಲ್ಲುಗ ಅಲ್ಲಿಯ ರಾಜ, ಮಾಚಲೆ ರಾಣಿ. ಅವರಿಗೆ ಒಬ್ಬಳೇ ಮಗಳು, ಜಕ್ಕಲೆ. ರಾಜನ ಕಣ್ಣು ಕಪ್ಪು, ರಾಣಿಯ ಕಣ್ಣು ಕಪ್ಪು. ಜಕ್ಕಲೆಯ ಕಣ್ಣು ಮಾತ್ರ ಜೇನಿನ ಬಣ್ಣ.

ಅರಮನೆಯ ಸಭೆಯಲ್ಲಿ ವಂಶದ ಗೋಡೆ ಎಂಬುದೊಂದಿತ್ತು. ಅದರ ಎಡ ಅರ್ಧದಲ್ಲಿ ಇಂಥವನ ಮಗ ಇಂಥವನು, ಅವನ ಮಗ ಇಂಥವನು ಎಂದು ರಾಜರ ಹೆಸರುಗಳನ್ನು ಕೊರೆದಿದ್ದರು. ಬಲ ಅರ್ಧಕ್ಕೆ ವರ್ಷವರ್ಷವೂ ಸುಣ್ಣ ಬಳಿಯುತ್ತಿದ್ದರು. ಅಲ್ಲಿ ಏನೂ ಇಲ್ಲವೇಕೆ ಎಂದು ಯಾರೂ ಕೇಳಿರಲಿಲ್ಲ.

ಆ ರಾಜ್ಯದ ಮಂತ್ರಿ ಗರಳಾಂಕ. ಅವನು ಮಾಯಾವಿ. ಅವನ ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಬಲ್ಲುಗನ ಮುತ್ತಜ್ಜನಿಗೂ ಅವನೇ ಮಂತ್ರಿಯಾಗಿದ್ದನಂತೆ. ವಾರಸುದಾರರಿಲ್ಲದ ಸಿಂಹಾಸನ ಮಂತ್ರಿಗೆ ಸೇರಬೇಕೆಂಬುದು ಎಣ್ಮಲೆಯ ಕಟ್ಟಳೆ. ಗರಳಾಂಕ ಕಾಯುತ್ತಿದ್ದ.

ಜಕ್ಕಲೆಗೆ ಹದಿನೆಂಟು ತುಂಬಿತು. ಪಟ್ಟ ಕಟ್ಟುವ ದಿನ, ಕಿರೀಟ ತಲೆಯ ಹತ್ತಿರ ಬಂದಾಗ, ಗರಳಾಂಕ ಎದ್ದು ನಿಂತ.

"ನಿಲ್ಲಿ. ಈ ಗೋಡೆಯ ಮೇಲಿರುವ ಯಾವ ರಾಜನಿಗೂ ಬೆಕ್ಕಿನ ಕಣ್ಣಿರಲಿಲ್ಲ. ಕಪ್ಪಿಗೆ ಕಪ್ಪು ಕೂಡಿದರೆ ಕಪ್ಪೇ ಹುಟ್ಟಬೇಕು. ಈ ಹುಡುಗಿ ರಾಜನ ಮಗಳಲ್ಲ. ರಾಣಿ ಸುಳ್ಳಾಡಿದ್ದಾಳೆ. ಸುಳ್ಳಾಡಿದವರು ಕಲ್ಲಾಗಲಿ!"

ಅವನ ಮಾತು ಮುಗಿಯುವಷ್ಟರಲ್ಲಿ ರಾಣಿಯ ಪಾದಗಳು ಕಲ್ಲಾದವು.

ರಾಜನಿಗೆ ರಾಣಿಯ ಮೇಲೆ ನಂಬಿಕೆ ಇತ್ತು. ಆದರೆ ನಂಬಿಕೆಗೆ ಸಾಕ್ಷಿ ಇರಲಿಲ್ಲ. ಅವನು ಸಿಂಹಾಸನದಿಂದ ಇಳಿದು ಬಂದು ರಾಣಿಯ ಕೈ ಹಿಡಿದು ನಿಂತ.

ಜಕ್ಕಲೆ ಅಳಲಿಲ್ಲ. "ಆರೋಪ ಹೊತ್ತವರ ಮಕ್ಕಳು ಪಂಥ ಕೇಳಬಹುದು. ಅದೂ ಈ ರಾಜ್ಯದ ಕಟ್ಟಳೆ. ನಾನು ಕೇಳುತ್ತಿದ್ದೇನೆ" ಎಂದಳು.

ಗರಳಾಂಕ ನಕ್ಕ. "ಕೇಳು ಕುಮಾರಿ, ಮೂರು ಪಂಥ. ಮೊದಲನೆಯದು: ಎರಡು ಬಿಳಿ ಕುರಿಗಳಿಗೆ ಹುಟ್ಟಿದ ಕರಿ ಮರಿಯನ್ನು ತಂದು ತೋರಿಸು. ಎರಡನೆಯದು: ನನ್ನ ಬಳಿ ಮೂರು ಬಿಳಿ ಟಗರುಗಳಿವೆ. ಒಂದರೊಳಗೆ ಕಪ್ಪು ಅಡಗಿದೆ. ಅದು ಯಾವುದೆಂದು ಸಭೆಯಲ್ಲಿ ಮುಟ್ಟಿ ತೋರಿಸು. ತಪ್ಪಿ ಮುಟ್ಟಿದರೆ ಟಗರು ಹುಲಿಯಾಗುತ್ತದೆ. ಮೂರನೆಯದು: ನಿನ್ನ ತಂದೆಯ ಕಡೆ ಒಬ್ಬರು, ತಾಯಿಯ ಕಡೆ ಒಬ್ಬರು, ನಿನ್ನಂಥ ಕಣ್ಣಿದ್ದವರನ್ನು ತೋರಿಸು. ಒಂಬತ್ತು ದಿನ. ಒಂಬತ್ತನೆಯ ದಿನ ಕಲ್ಲು ನಿನ್ನ ತಾಯಿಯ ಬಾಯಿ ಮುಚ್ಚುತ್ತದೆ."

"ನಿಮ್ಮ ಮಾತೇ ಸುಳ್ಳಾದರೆ?"

"ಆ ಕಲ್ಲು ನನ್ನ ಕಾಲಿಗೆ ಬರಲಿ" ಎಂದ ಗರಳಾಂಕ. ಅದು ಅವನಿಗೆ ತಮಾಷೆಯ ಮಾತಾಗಿತ್ತು. ಆದರೆ ಸಭೆಯ ಕಲ್ಲುಗಳು ಕೇಳಿಸಿಕೊಂಡವು.

ಮೋಸವಾಗದಂತೆ ನೋಡಿಕೊಳ್ಳಲು ಅವನು ತನ್ನ ಸ್ವಂತ ಕಾವಲುಗಾರನನ್ನು ಜೊತೆಗೆ ಕಳಿಸಿದ. ಅವನ ಹೆಸರು ಬೊಪ್ಪ. ಈಟಿ ಉದ್ದ, ಹೊಟ್ಟೆ ದೊಡ್ಡದು, ಸುಳ್ಳು ಹೇಳಲು ಬಾರದ ಬಾಯಿ.

*

ಎಂಟನೆಯ ಬೆಟ್ಟದಾಚೆ ಕುರಿಗಾಹಿಗಳ ಬಯಲಿತ್ತು. ಅಲ್ಲಿ ಐದು ತಿಂಗಳು ಒಂದು ಹಗಲಿನಲ್ಲಿ ಕಳೆಯುತ್ತಿದ್ದವು. ಬೆಳಿಗ್ಗೆ ಗಬ್ಬವಾದ ಕುರಿ ಸಂಜೆಗೆ ಮರಿ ಹಾಕುತ್ತಿತ್ತು. ಮನುಷ್ಯರಿಗೆ ಮಾತ್ರ ಅಲ್ಲಿಯೂ ದಿನವೆಂದರೆ ದಿನವೇ.

ಗರಳಾಂಕ ಒಪ್ಪಿಸಿದ ಮೂರು ಟಗರುಗಳನ್ನು ಜಕ್ಕಲೆ, ಮೈ ಮುಟ್ಟದಂತೆ, ಉದ್ದದ ಹಗ್ಗದಲ್ಲಿ ನಡೆಸಿಕೊಂಡು ಒಂದು ಹಗಲೆಲ್ಲ ನಡೆದು ಅಲ್ಲಿಗೆ ಬಂದಳು. ಹಟ್ಟಿಯ ಬಾಗಿಲಲ್ಲಿ ಒಬ್ಬ ಮುದುಕಿ ಉಣ್ಣೆ ನೂಲುತ್ತಿದ್ದಳು. ಅವಳು ಮಾಳವ್ವ.

"ಯಾರವ್ವ ನೀನು?" ಎಂದಳು ಮುದುಕಿ, ತಲೆ ಎತ್ತದೆ.

"ಬಲ್ಲುಗ ರಾಜನ ಮಗಳು."

"ಅದು ಅರ್ಧ ಆಯ್ತು. ಇನ್ನರ್ಧ?"

"ಅಂದರೆ?"

"ಅಪ್ಪ ಒಬ್ಬನೇ ಹೆತ್ತನೇನು? ಇಲ್ಲಿ ಕುರೀನೂ ಇಬ್ಬರ ಹೆಸರು ಹೇಳ್ತದೆ."

"ಬಲ್ಲುಗನ ಮಗಳು, ಮಾಚಲೆಯ ಮಗಳು, ಜಕ್ಕಲೆ" ಎಂದಳು ರಾಜಕುಮಾರಿ. ಹಾಗೆ ಹೇಳಿದ್ದು ಬದುಕಿನಲ್ಲಿ ಅದೇ ಮೊದಲು.

"ಈಗ ಪೂರ್ತಿ ಆದೆ. ಬಾ" ಎಂದು ಮಾಳವ್ವ ತಲೆ ಎತ್ತಿದಳು. ಅವಳ ಕಣ್ಣುಗಳೂ ಜೇನಿನ ಬಣ್ಣದವು.

ಇಬ್ಬರೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದರು. ಬೊಪ್ಪ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದ.

ಹಟ್ಟಿಯ ಒಳಗೋಡೆಯ ತುಂಬ ಉಣ್ಣೆಯ ಹುರಿಗಳು ನೇತಾಡುತ್ತಿದ್ದವು. ಪ್ರತಿ ಕುರಿಗೂ ಒಂದು ಹುರಿ. ಪ್ರತಿ ಹುರಿಗೂ ಎರಡು ಎಳೆ.

"ಒಂದೆಳೆ ತಾಯಿದು, ಒಂದೆಳೆ ತಂದೇದು" ಎಂದಳು ಮಾಳವ್ವ. "ಪ್ರತಿ ಜೀವಕ್ಕೂ ಎರಡು. ಮರಿ ಹಾಕುವಾಗ ತಾಯಿ ತನ್ನ ಎರಡರಲ್ಲಿ ಒಂದನ್ನ ಕೊಡ್ತಾಳೆ, ತಂದೆ ತನ್ನ ಎರಡರಲ್ಲಿ ಒಂದನ್ನ. ಕುರಿಗೆ ಬಿಳಿ ಗಟ್ಟಿ. ಒಂದೆಳೆ ಬಿಳಿ ಇದ್ದರೂ ಮೈ ಬಿಳಿ. ಕಪ್ಪು ಕಾಣಬೇಕಾದರೆ ಎರಡೂ ಕಪ್ಪೇ ಆಗಬೇಕು."

"ಒಂದೇ ಎಳೆ ಕಪ್ಪಿದ್ದರೆ?"

"ಒಳಗಿರ್ತದೆ. ಬಿಳಿ ಮೈಯಾಗೆ ಸುಮ್ಮನೆ ಕೂತಿರ್ತದೆ, ತಲೆಮಾರುಗಟ್ಟಲೆ. ಅಡಗಿದ್ದು ಅಳಿದದ್ದಲ್ಲ ಮಗಾ."

ಕೆಲವು ಹುರಿಗಳಲ್ಲಿ ಒಂದೆಳೆಗೆ ಬಣ್ಣವೇ ಇರಲಿಲ್ಲ. ಅದೇಕೆಂದು ಜಕ್ಕಲೆ ಕೇಳಿದಳು.

"ಅದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕಟ್ಟಬಾರದು" ಎಂದಳು ಮಾಳವ್ವ.

ಮೊದಲ ಪಂಥಕ್ಕೆ ಜಕ್ಕಲೆಯೇ ಹುರಿಗಳನ್ನು ಹುಡುಕಿದಳು. ಕರಿ ತಾಯಿಗೆ ಹುಟ್ಟಿದ ಬಿಳಿ ಟಗರು ಒಂದು, ಕರಿ ತಂದೆಗೆ ಹುಟ್ಟಿದ ಬಿಳಿ ಕುರಿ ಒಂದು. ಎರಡರಲ್ಲೂ ಒಂದೆಳೆ ಬಿಳಿ, ಒಂದೆಳೆ ಕಪ್ಪು. ಎರಡನ್ನೂ ಒಂದೇ ದೊಡ್ಡಿಗೆ ಬಿಟ್ಟಳು. ಬೊಪ್ಪ ಈಟಿ ಅಡ್ಡ ಹಿಡಿದು ಬಾಗಿಲಲ್ಲಿ ಕುಳಿತ.

ಸಂಜೆಗೆ ಮರಿ ಹುಟ್ಟಿತು. ಬಿಳಿ.

"ನಾಲ್ಕರಲ್ಲಿ ಒಂದು ಕಪ್ಪು. ಮೊದಲನೇದೇ ಬರ್ತದೆ ಅಂತ ನಾನು ಹೇಳಿದೆನೇನು?" ಎಂದಳು ಮಾಳವ್ವ.

ಎರಡನೆಯ ದಿನ ಬಿಳಿ. ಮೂರನೆಯ ದಿನವೂ ಬಿಳಿ. ಅರಮನೆಯಲ್ಲಿ ಕಲ್ಲು ರಾಣಿಯ ಮೊಣಕಾಲು ದಾಟಿದೆ ಎಂದು ಸುದ್ದಿ ಬಂತು.

"ನಾಳೆ ನಾಲ್ಕನೆಯದು. ನಾಳೆ ಬಂದೇ ಬರುತ್ತದೆ ಅಲ್ಲವೇ ಅಜ್ಜಿ?"

"ಹಿಂದಿನ ಮೂರು ಬಿಳಿ ಅಂತ ಹೊಟ್ಟೇಲಿರೋ ಮರಿಗೆ ಯಾರು ಹೇಳ್ತಾರೆ? ಅದಕ್ಕೆ ಪ್ರತಿ ಸಲವೂ ಮೊದಲ ಸಲ."

ನಾಲ್ಕನೆಯ ದಿನವೂ ಬಿಳಿ ಮರಿ ಹುಟ್ಟಿತು. ಬೊಪ್ಪ ಮುಖ ತಿರುಗಿಸಿ ನಿಂತ. ಜಕ್ಕಲೆ ಮರಿಯ ಮೈ ಒರೆಸಿ, ತಾಯಿಯ ಕೆಚ್ಚಲಿಗೆ ಹಚ್ಚಿ, ಮರುದಿನ ಬೆಳಿಗ್ಗೆ ಮತ್ತೆ ಅದೇ ಎರಡನ್ನು ದೊಡ್ಡಿಗೆ ಬಿಟ್ಟಳು.

ಐದನೆಯ ಸಂಜೆ ದೊಡ್ಡಿಯ ಬಾಗಿಲಲ್ಲಿ ಬೊಪ್ಪ ಕೂಗಿದ. "ಅಮ್ಮಣ್ಣಿ! ಕರೀದು! ಕಾಡಿಗೆ ಹಾಗೆ ಕರೀದು!" ಈಟಿ ಎತ್ತ ಬಿತ್ತೋ ಅವನಿಗೇ ತಿಳಿಯಲಿಲ್ಲ.

ಆರನೆಯ ದಿನ ಎರಡನೆಯ ಪಂಥ. ಗರಳಾಂಕನ ಮೂರು ಟಗರುಗಳೂ ಒಂದೇ ಎತ್ತರ, ಒಂದೇ ಕೊಂಬು, ಹಾಲಿನ ಹಾಗೆ ಬಿಳಿ. ಅವಕ್ಕೆ ಹುರಿ ಇರಲಿಲ್ಲ.

"ಹುರಿ ಇಲ್ಲದಿದ್ದರೆ ಮಕ್ಕಳನ್ನ ನೋಡಬೇಕು" ಎಂದಳು ಮಾಳವ್ವ. ಮುಂದಿನದನ್ನು ಹೇಳಲಿಲ್ಲ, ನೂಲುತ್ತ ಕುಳಿತಳು.

ಜಕ್ಕಲೆ ಯೋಚಿಸಿದಳು. ಕರಿ ಕುರಿಯ ಎರಡೆಳೆಯೂ ಕಪ್ಪು. ಅದು ಕಪ್ಪನ್ನಲ್ಲದೆ ಬೇರೇನನ್ನೂ ಕೊಡಲಾರದು. ಹಾಗಾದರೆ ಮರಿಯ ಬಣ್ಣವನ್ನು ತೀರ್ಮಾನಿಸುವುದು ಟಗರು ಕೊಟ್ಟ ಎಳೆಯೇ. ಅವಳು ಒಂದೊಂದು ಟಗರಿಗೂ ನಾಲ್ಕು ನಾಲ್ಕು ಕರಿ ಕುರಿಗಳನ್ನು ಜೊತೆಮಾಡಿದಳು.

ಸಂಜೆಗೆ ಮೊದಲ ಟಗರಿನ ನಾಲ್ಕು ಮರಿಗಳೂ ಬಿಳಿ. ಎರಡನೆಯದರ ಎರಡು ಮರಿ ಬಿಳಿ, ಎರಡು ಕಪ್ಪು. ಮೂರನೆಯದರ ನಾಲ್ಕೂ ಬಿಳಿ. ಜಕ್ಕಲೆ ಎರಡನೆಯ ಟಗರಿನ ಎಡಗೊಂಬಿನಲ್ಲಿದ್ದ ಸಣ್ಣ ಬಿರುಕನ್ನು ನೆನಪಿಟ್ಟುಕೊಂಡಳು.

"ಮೂರನೇ ಪಂಥ ಏನು?" ಎಂದು ಮಾಳವ್ವ ಕೇಳಿದಳು. ಜಕ್ಕಲೆ ಹೇಳಿದಳು. ಮುದುಕಿಯ ಕೈಯ ಕದಿರು ನಿಂತಿತು.

"ನಮ್ಮಜ್ಜಿಗೆ ಇಬ್ಬರು ತಂಗಿಯರು. ಮೂವರದೂ ಇದೇ ಕಣ್ಣು. ಒಬ್ಬಳನ್ನ ಕುದುರೆ ಮೇಲೆ ಬಂದ ಎಣ್ಮಲೆಯ ಅರಸ ಮದುವೆಯಾದ. ಆ ಮದುವೆಗೆ ಬಂದಿದ್ದ ಪಡುವಣ ನಾಡಿನ ನಾಯಕ ಇನ್ನೊಬ್ಬಳನ್ನ ಕೇಳಿದ. ಮದುವೆಯ ಚಿತ್ರ ಅರಮನೆ ಗೋಡೆ ಮೇಲೆ ಬರೆಸಿದ್ದರಂತೆ. ಆಮೇಲೆ ಅರಮನೆಯಿಂದ ನಮಗೆ ಒಂದು ಮಾತೂ ಬರಲಿಲ್ಲ."

"ನಮ್ಮಮ್ಮ ಪಡುವಣ ನಾಡಿನವಳು" ಎಂದಳು ಜಕ್ಕಲೆ ಮೆಲ್ಲಗೆ.

"ಹಾಗಾದರೆ ನಿನ್ನ ಕಣ್ಣು ಎರಡು ದಾರಿಯಿಂದ ನಡೆದು ಬಂದಿದೆ. ಕಣ್ಣಿಗೆ ಕಪ್ಪು ಗಟ್ಟಿ, ಜೇನು ಅಡಗ್ತದೆ. ನಿನ್ನಪ್ಪನಲ್ಲಿ ಒಂದೆಳೆ ಅಡಗಿತ್ತು, ನಿನ್ನಮ್ಮನಲ್ಲಿ ಒಂದೆಳೆ. ಎರಡೂ ನಿನಗೆ ಸಿಕ್ಕಿವೆ. ತಲೆ ಎತ್ತಿ ನಡಿ."

ಹೊರಡುವಾಗ ಮಾಳವ್ವ ಒಂದು ಕಂಬಳಿಯನ್ನೂ, ಸೋರೆಬುರುಡೆಯ ತುಂಬ ಹುಳಿಮಜ್ಜಿಗೆಯನ್ನೂ ಕೊಟ್ಟಳು. ಮರಿಗಳನ್ನು ಹೊತ್ತು, ಕುರಿಗಳನ್ನು ನಿಧಾನ ನಡೆಸಿಕೊಂಡು ಬರಲು ಎರಡು ದಿನ ಹಿಡಿಯಿತು.

*

ಒಂಬತ್ತನೆಯ ದಿನ ಸಭೆ ತುಂಬಿತ್ತು. ಕಲ್ಲು ರಾಣಿಯ ಕುತ್ತಿಗೆಗೆ ಬಂದಿತ್ತು. ರಾಜ ಹಿಡಿದಿದ್ದ ಕೈ ಈಗ ಕಲ್ಲು, ಅವನು ಬಿಟ್ಟಿರಲಿಲ್ಲ.

ಜಕ್ಕಲೆ ಕರಿ ಮರಿಯನ್ನು ನೆಲಕ್ಕೆ ಬಿಟ್ಟಳು. ಅದು ತಡವರಿಸುತ್ತ ಹೋಗಿ ಬಿಳಿ ಕುರಿಯ ಕೆಚ್ಚಲಿಗೆ ಬಾಯಿ ಹಾಕಿತು. ಕುರಿ ಅದರ ಬಾಲ ಮೂಸಿ ಹಾಲು ಬಿಟ್ಟಿತು.

"ತಾಯಿ ಸರಿ. ತಂದೆ ಬಿಳಿ ಟಗರೇ ಎಂಬುದಕ್ಕೆ ಏನು ಸಾಕ್ಷಿ? ಯಾವುದೋ ಕರಿ ಟಗರು ಬೇಲಿ ಹಾರಿರಬಹುದು" ಎಂದ ಗರಳಾಂಕ.

"ನಿಮ್ಮ ಕಾವಲುಗಾರನನ್ನೇ ಕೇಳಿ."

ಬೊಪ್ಪ ಮುಂದೆ ಬಂದ. "ಸ್ವಾಮಿ, ಐದು ದಿನ ಬಾಗಿಲು ಬಿಟ್ಟು ಕದಲಿಲ್ಲ. ಇನ್ನೊಂದು ಗಂಡು ನೊಣವೂ ಒಳಗೆ ಹೋಗಿಲ್ಲ. ಊಟ ಕೂಡ ಅಲ್ಲೇ ಮಾಡಿದೆ."

"ಅದು ಗೊತ್ತಾಗುತ್ತದೆ" ಎಂದು ಯಾರೋ ಹಿಂದಿನಿಂದ ಅಂದರು. ಸಭೆ ನಕ್ಕಿತು. ಗರಳಾಂಕ ನಗಲಿಲ್ಲ.

ಮೂರು ಟಗರುಗಳನ್ನು ಬಿಡಿಸಿ ತಂದರು. ಜಕ್ಕಲೆ ಮೊದಲನೆಯದನ್ನು ದಾಟಿದಳು. ಮೂರನೆಯದನ್ನೂ ದಾಟಿದಳು. ಎಡಗೊಂಬಿನಲ್ಲಿ ಬಿರುಕಿದ್ದ ಟಗರಿನ ಹಣೆಯ ಮೇಲೆ ಕೈಯಿಟ್ಟಳು. ಟಗರು ಅವಳ ಅಂಗೈ ನೆಕ್ಕಿತು.

ಮೂರನೆಯ ಪಂಥಕ್ಕೆ ಅವಳು ವಂಶದ ಗೋಡೆಯ ಬಳಿ ಹೋದಳು, ಸುಣ್ಣ ಬಳಿದ ಬಲ ಅರ್ಧಕ್ಕೆ. ಕಂಬಳಿಯ ತುದಿಯನ್ನು ಹುಳಿಮಜ್ಜಿಗೆಯಲ್ಲಿ ಅದ್ದಿ ಉಜ್ಜತೊಡಗಿದಳು.

"ಗೋಡೆ ಮುಟ್ಟಬೇಡ!" ಎಂದು ಗರಳಾಂಕ ಕಿರುಚಿದ.

"ಬಿಳಿ ಗೋಡೆಗೇಕೆ ಇಷ್ಟು ಗಾಬರಿ, ಮಂತ್ರಿಗಳೇ?" ಎಂದ ರಾಜ ಬಲ್ಲುಗ. ಒಂಬತ್ತು ದಿನಗಳಲ್ಲಿ ಅವನು ಆಡಿದ ಮೊದಲ ಮಾತು ಅದು.

ಹುಳಿಗೆ ಸುಣ್ಣ ಕದಡಿ ಇಳಿಯಿತು. ಮೊದಲು ಒಂದು ಚಪ್ಪರ ಕಂಡಿತು. ಆಮೇಲೆ ಮದುಮಗ, ಬಲ್ಲುಗನ ಮುತ್ತಜ್ಜ. ಪಕ್ಕದಲ್ಲಿ ಮದುಮಗಳು, ಹೆಗಲ ಮೇಲೆ ಕಂಬಳಿ, ಜೇನುಗಣ್ಣು. ಅವಳ ಕೈ ಹಿಡಿದು ತಂಗಿ, ಮೂಗಿಗೆ ಕೆಂಪು ಹರಳಿನ ಮೂಗುತಿ, ಅವಳಿಗೂ ಜೇನುಗಣ್ಣು. ಮಜ್ಜಿಗೆ ಮುಗಿಯುತ್ತ ಬಂದಿತ್ತು. ಕೊನೆಯ ಹನಿಗಳಲ್ಲಿ ಕೆಳಗಿನ ಊಟದ ಪಂಕ್ತಿ ಕಂಡಿತು. ಪಂಕ್ತಿಯ ಮೊದಲ ಎಲೆಯ ಮುಂದೆ, ಕೈಯಲ್ಲಿ ಹೋಳಿಗೆ ಹಿಡಿದು, ಗರಳಾಂಕ ಕುಳಿತಿದ್ದ.

ಗದ್ದದವರೆಗೆ ಕಲ್ಲಾಗಿದ್ದ ರಾಣಿ ಆಗ ಮಾತಾಡಿದಳು. "ಆ ತಂಗಿ ನನ್ನ ಮುತ್ತಜ್ಜಿ. ಆ ಮೂಗುತಿ ನನ್ನ ಪೆಟ್ಟಿಗೆಯಲ್ಲಿದೆ."

ಜಕ್ಕಲೆ ತಿರುಗಿ ನಿಂತಳು. "ಕಪ್ಪಿಗೆ ಕಪ್ಪು ಕೂಡಿದರೆ ಕಪ್ಪೇ ಎಂದಿರಿ. ಆದರೆ ಬಿಳಿ ಟಗರಿನೊಳಗೆ ಕಪ್ಪು ಅಡಗಿದೆ ಎಂದು ಪಂಥ ಒಡ್ಡಿದವರು ನೀವೇ. ಬಣ್ಣ ಅಡಗುತ್ತದೆಂದು ನಿಮಗೆ ಗೊತ್ತಿತ್ತು. ಈ ಕಣ್ಣು ಎಲ್ಲಿಂದ ಬಂತೆಂದು ತಡಕಾಡುವ ಅಗತ್ಯವೂ ನಿಮಗಿರಲಿಲ್ಲ. ಆ ಮದುವೆಯಲ್ಲಿ ಹೋಳಿಗೆ ತಿಂದಿದ್ದೀರಿ. ಕುರಿಗಾಹಿಯ ಮಗಳು ರಾಣಿಯಾದಳೆಂದು ಸುಣ್ಣ ಬಳಿಸಿದಿರಿ. ಸುಳ್ಳಾಡಿದ್ದು ನನ್ನ ತಾಯಿಯಲ್ಲ."

ಸಭೆಯ ಕಲ್ಲುಗಳು ಗರಳಾಂಕನ ಮಾತನ್ನು ಮರೆತಿರಲಿಲ್ಲ. ರಾಣಿಯ ಮೈಯಿಂದ ಕಲ್ಲು ಇಳಿಯಿತು. ಕುತ್ತಿಗೆಯಿಂದ ಎದೆಗೆ, ಎದೆಯಿಂದ ಮೊಣಕಾಲಿಗೆ, ಪಾದದಿಂದ ನೆಲಕ್ಕೆ. ನೆಲದ ಮೇಲೆ ಹರಿದು ಹೋಗಿ ಗರಳಾಂಕನ ಹೆಬ್ಬೆರಳನ್ನು ಹಿಡಿಯಿತು. ಅವನು ಮಂತ್ರ ನೆನಪಿಸಿಕೊಳ್ಳುವಷ್ಟರಲ್ಲಿ ಬಾಯಿ ಕಲ್ಲಾಗಿತ್ತು. ಉಳಿದ ಎರಡು ಟಗರುಗಳ ಮಾಟ ಬಿಟ್ಟಿತು. ಅವು ಬರಿ ಟಗರುಗಳಾಗಿ ಸಭೆಯ ಹೂಮಾಲೆ ತಿಂದವು.

ರಾಜನ ಕೈಯೊಳಗಿನ ಕೈ ಬೆಚ್ಚಗಾಯಿತು.

ಬಯಲಿನಿಂದ ಮಾಳವ್ವನನ್ನು ಕರೆಸಿ ಪಟ್ಟ ಕಟ್ಟಿದರು. ಕಿರೀಟ ಇಟ್ಟವಳು ಅವಳೇ. "ಯಾರವ್ವ ನೀನು?" ಎಂದು ಅವಳು ಕೇಳಿದಳು, ಎಲ್ಲರಿಗೂ ಕೇಳುವ ಹಾಗೆ.

"ಬಲ್ಲುಗನ ಮಗಳು, ಮಾಚಲೆಯ ಮಗಳು. ಅರಸರ ಕುಲದವಳು, ಕುರಿಗಾಹಿಗಳ ಕುಲದವಳು. ಜಕ್ಕಲೆ."

ಆ ದಿನದಿಂದ ಎಣ್ಮಲೆಯ ವಂಶದ ಗೋಡೆಯ ಎರಡೂ ಅರ್ಧ ತುಂಬತೊಡಗಿದವು. ತಾಯಂದಿರ ಹೆಸರು ಗೊತ್ತಿಲ್ಲದ ಕಡೆ ಖಾಲಿ ಬಿಟ್ಟರು; ಗೊತ್ತಿಲ್ಲದ್ದನ್ನು ಕೊರೆಯಲಿಲ್ಲ. ಗರಳಾಂಕನ ಕಲ್ಲನ್ನು ಬಯಲಿಗೆ ಸಾಗಿಸಿ ನೆಟ್ಟರು. ಮೈ ತುರಿಸಿದಾಗ ಕುರಿಗಳು ಅದಕ್ಕೆ ಉಜ್ಜಿಕೊಳ್ಳುತ್ತವೆ, ಬಿಳಿಯವೂ ಕರಿಯವೂ.

ಜಕ್ಕಲೆಗೆ ನಾಲ್ಕು ಮಕ್ಕಳಾದವು. ನಾಲ್ಕಕ್ಕೂ ಕಪ್ಪು ಕಣ್ಣು. ಯಾರೂ ಏನೂ ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ, ಕಪ್ಪುಕಣ್ಣಿನ ಮಗನಿಗೂ ಕಪ್ಪುಕಣ್ಣಿನ ಸೊಸೆಗೂ ಒಂದು ಹೆಣ್ಣು ಮಗು ಹುಟ್ಟಿತು. ಸೂಲಗಿತ್ತಿ ಮಗುವಿನ ಮುಖ ನೋಡಿ ಹೊರಗೋಡಿ ಬಂದಳು. "ಬಂದಳು! ಜೇನುಗಣ್ಣಿನವಳು ಬಂದಳು!" ಎಂಟು ಬೆಟ್ಟಗಳ ಮೇಲೂ ಡೊಳ್ಳು ಬಡಿದರು.

ಮುದಿ ರಾಣಿ ಜಕ್ಕಲೆ ಮೊಮ್ಮಗಳನ್ನು ಎತ್ತಿಕೊಂಡು ಅವಳ ಕೈಗೆ ಎರಡೆಳೆಯ ಹುರಿ ಕಟ್ಟಿದಳು. ಆ ಮನೆಯಲ್ಲಿ ಎಲ್ಲರೂ ಸುಖವಾಗಿದ್ದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗಲೂ ಎಲ್ಲೋ ಇದ್ದಾರೆ; ಕಣ್ಣು ಕಪ್ಪಿದ್ದರೂ ಇದ್ದಾರೆ.