ಬೊಡ್ಡೆಯ ಮೇಲೆ ನಿಂತ ನೀರು

ಜಗಳೂರಿನಿಂದ ಬಂದ ಭೀಮಕ್ಕ ಕೆರೆಬಿಳಚಿಯಲ್ಲಿ ಬಸ್ಸಿಳಿದು, ಚೀಲವನ್ನು ಕಂಕುಳಿಗೇರಿಸಿ, ಎಂದಿನಂತೆ ಹೊಲದ ಕಡೆ ನೋಡಿದಳು. ಹುಣಸೆಮರ ಕಾಣಲಿಲ್ಲ. ಬಿಸಿಲಿಗೆ ಕಣ್ಣು ಮಂಜಾಗಿರಬೇಕೆಂದು ಸೆರಗಿನಿಂದ ಒರೆಸಿಕೊಂಡಳು. ಮತ್ತೆ ನೋಡಿದಳು. ಬದುವಿನ ಮೇಲೆ ಬರೀ ಆಕಾಶವಿತ್ತು.

ಮಗಳ ಮಗುವಿನ ತೊಟ್ಟಿಲಿಗೆಂದು ಹೋಗಿ ಮೂರೇ ದಿನವಾಗಿತ್ತು. ಅಷ್ಟರಲ್ಲಿ ಯಾರೋ ಮರವನ್ನು ಕೊಯ್ದು ಸಾಗಿಸಿದ್ದರು. ಉಳಿದದ್ದು ಮೊಣಕಾಲೆತ್ತರದ ಬೊಡ್ಡೆ, ಒಂದಿಷ್ಟು ಸೊಪ್ಪು, ಟ್ರೇಲರಿಗೆ ಏರದ ಒಂದು ದಪ್ಪ ಕವಲು.

ಭೀಮಕ್ಕ ಅಳಲಿಲ್ಲ. ಬಿಂದಿಗೆಯಲ್ಲಿ ನೀರು ತಂದು ಬೊಡ್ಡೆಯ ಮೇಲೆ ಸುರಿದಳು.

* * *

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೇಮಾವತಿಯ ಅಂಗಡಿ. ಮರ ಕೊಯ್ಯುವ ಮಷಿನ್ ಮಾರಾಟ, ರಿಪೇರಿ, ಚೈನಿಗೆ ಸಾಣೆ. ಗಂಡ ವಿರೂಪಾಕ್ಷಪ್ಪ ತೀರಿಕೊಂಡು ಎರಡು ವರ್ಷವಾದರೂ ಬೋರ್ಡಿನಲ್ಲಿ ಅವರ ಹೆಸರೇ ಇತ್ತು. ಬಿ.ಎಸ್‌ಸಿ. ಓದಿದ ಹೆಂಗಸು ಎಣ್ಣೆ ಮೆತ್ತಿದ ಕೈಯಲ್ಲಿ ಕೂತಿರುವುದನ್ನು ಕಂಡು ಮೊದಮೊದಲು ಬೆರಗಾಗುತ್ತಿದ್ದ ಗಿರಾಕಿಗಳು ಈಗ ಅವಳ ಪ್ರಶ್ನೆಗಳಿಗೆ ಒಗ್ಗಿಹೋಗಿದ್ದರು. ಯಾವ ಮರ, ಎಷ್ಟು ಅಗಲ, ತಿಂಗಳಿಗೆ ಎಷ್ಟು ದಿನ ಕೆಲಸ, ನಿಮ್ಮ ಸೊಂಟ ಹೆಂಗಿದೆ. ಇಷ್ಟು ಕೇಳದೆ ಅವಳು ಮಷಿನ್ ತೋರಿಸುತ್ತಿರಲಿಲ್ಲ. ದೊಡ್ಡದೇ ಬೇಕೆಂದು ಬಂದವರಲ್ಲಿ ಅರ್ಧ ಜನ ಹದಿನೆಂಟಿಂಚಿನ ಚಿಕ್ಕ ಮಷಿನ್ ಹಿಡಿದು ಹೋಗುತ್ತಿದ್ದರು.

ಆ ದಿನ ಬಂದವಳು ಪಿ.ಎಸ್.ಐ. ಚೈತ್ರಶ್ರೀ. ಕೌಂಟರಿನ ಮೇಲೆ ಟೋಪಿ ಇಟ್ಟು ನೇರವಾಗಿ ಕೇಳಿದಳು.

"ಅಮ್ಮಾ, ಎರಡೂವರೆ ಅಡಿ ಅಗಲದ ಹುಣಸೆಮರ ಕೊಯ್ಯೋಕೆ ಯಾವ ಮಷಿನ್ ಬೇಕು?"

"ಗಟ್ಟಿ ಮರ. ಎಂಜಿನ್ನಿಗೆ ಶಕ್ತಿ ಬೇಕು. ಚೈನು ಓಡೋ ಪಟ್ಟಿ, ಬಾರ್ ಅಂತೀವಲ್ಲ, ಅದು ಮೂರಡಿ ಇದ್ರೆ ಒಂದೇ ಕಡೆಯಿಂದ ಮುಗಿಯುತ್ತೆ."

"ಅಂಥದ್ದು ಈ ಕಡೆ ಯಾರ ಹತ್ರ ಇದೆ?"

"ನ್ಯಾಮತಿ ಮುತ್ತುರಾಜನ ಹತ್ರ. ಅವನೊಬ್ಬನ ಹತ್ರಾನೇ."

ಚೈತ್ರಶ್ರೀ ತಲೆಯಾಡಿಸಿದಳು. ಮುತ್ತುರಾಜ ಆಗಲೇ ಠಾಣೆಯಲ್ಲಿದ್ದ. ಹೋದ ವರ್ಷ ಅವನು ಇದೇ ಮರವನ್ನು ಕೇಳಿದ್ದ, ಭೀಮಕ್ಕ ಕೊಡೆನೆಂದಿದ್ದಳು. ಹೊನ್ನಾಳಿ ಕಡೆಯ ಇಟ್ಟಿಗೆ ಗೂಡಿಗೆ ಹೊರಟಿದ್ದ ಅವನ ಗಾಡಿಯಲ್ಲಿ ಹುಣಸೆ ತುಂಡುಗಳೂ ಸಿಕ್ಕಿದ್ದವು. ಸಾಲದ್ದಕ್ಕೆ, ಪಕ್ಕದ ಹೊಲದ ಮುರುಗೇಶಪ್ಪ ಅವನನ್ನೂ ಅವನ ದೊಡ್ಡ ಮಷಿನ್ನನ್ನೂ ಕಣ್ಣಾರೆ ಕಂಡೆನೆಂದು ಬರೆದುಕೊಟ್ಟಿದ್ದ. ನಾಳೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು ಎಂದಳು ಚೈತ್ರಶ್ರೀ.

ಚೈನಿನ ಹಲ್ಲು ಮಸೆಯುತ್ತಿದ್ದ ಹೇಮಾವತಿಯ ಕೈಯ ಅರ ನಿಂತಿತು. ವಿರೂಪಾಕ್ಷಪ್ಪ ಆಸ್ಪತ್ರೆಯಲ್ಲಿ ಮಲಗಿದ್ದ ಹನ್ನೊಂದು ದಿನವೂ ಇದೇ ಮುತ್ತುರಾಜ ನ್ಯಾಮತಿಯಿಂದ ಬಂದು ಅಂಗಡಿಯ ಬಾಗಿಲು ತೆಗೆದು, ಗುಡಿಸಿ, ಸಂಜೆ ಬೀಗ ಹಾಕಿ ಹೋಗಿದ್ದ. ಯಾರೂ ಹೇಳಿರಲಿಲ್ಲ. ಕೇಳಿದ್ದಕ್ಕೆ, ಬಾಗಿಲು ಮುಚ್ಚಿದ್ರೆ ಅಣ್ಣನಿಗೆ ಬೇಜಾರಾಗ್ತೈತೆ ಅಂದಿದ್ದ ಅಷ್ಟೇ.

"ಮೇಡಂ, ನಾನು ಆ ಬೊಡ್ಡೆ ನೋಡಬಹುದಾ?"

* * *

ಭೀಮಕ್ಕ ಬೊಡ್ಡೆಯ ಪಕ್ಕದಲ್ಲೇ ಕೂತಿದ್ದಳು. ಬಿಂದಿಗೆ ಬದಿಗಿತ್ತು. ದಿನಾ ಎರಡು ಸಲ ನೀರು ಹಾಕುತ್ತಿದ್ದಾಳಂತೆ. ಹುಣಸೆ ಚಿಗುರುತ್ತದೆಯೆಂದು ಯಾರೋ ಹೇಳಿದ್ದರು.

ಗಂಡ ಚಿಕ್ಕಹನುಮಂತಪ್ಪ ಪ್ರತಿ ವರ್ಷ ಕಾಯಿ ಬಡಿಯಲು ತುದಿಗೇರಿದರೆ ಕೆಳಗಿದ್ದ ಅವಳಿಗೆ ಲೋಕದ ಸುದ್ದಿಯೆಲ್ಲ ಹೇಳುತ್ತಿದ್ದನಂತೆ. ಯಾರ ಹೊಲಕ್ಕೆ ನೀರು ಬಂತು, ಯಾರ ಎಮ್ಮೆ ಯಾರ ಜೋಳಕ್ಕೆ ನುಗ್ಗಿತು, ತ್ಯಾವಣಿಗೆ ಬಸ್ಸು ಎಲ್ಲಿಗೆ ಬಂತು. ಅವನು ಹೋಗಿ ಎಂಟು ವರ್ಷ.

"ಈಗ್ಲೂ ಬಸ್ಸಿನ ಹಾರನ್ ಕೇಳಿದ್ರೆ ಮ್ಯಾಲೆ ನೋಡ್ತೀನವ್ವ. ಇನ್ಮ್ಯಾಲೆ ಎಲ್ಲಿ ನೋಡ್ಲಿ?"

ಹೇಮಾವತಿ ಅವಳ ಪಕ್ಕ ಕೂತಳು. ಅವಳಿಗೂ ಸಂಜೆ ಆರಕ್ಕೆ ಎರಡು ಲೋಟ ಕಾಫಿಗೆ ಕೈ ಹೋಗುತ್ತಿತ್ತು.

ಭೀಮಕ್ಕ ಮುರುಗೇಶಪ್ಪನನ್ನು ಹೊಗಳಿದಳು. ಜಗಳೂರಿಗೆ ಹೊರಟ ದಿನ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು, ಚೀಲ ಎತ್ತಿಕೊಟ್ಟು, ಯಾವತ್ತು ಬರ್ತೀಯಕ್ಕ ಎಂದೂ ಕೇಳಿದ್ದನಂತೆ. ಅಷ್ಟು ಕಕ್ಕುಲಾತಿ ಯಾರಿಗಿರುತ್ತೆ ಅಂದಳು.

ಮಾತಾಡುತ್ತಲೇ ಅವಳು ಬಿಂದಿಗೆ ಬಗ್ಗಿಸಿದಳು. ಹೇಮಾವತಿ ನೀರನ್ನೇ ನೋಡಿದಳು. ನೀರು ಅಂಚಿನಿಂದ ಹರಿದು ಕೆಳಗೆ ಬೀಳಲಿಲ್ಲ. ನಡುವಿಗೆ ಓಡಿತು. ಅಲ್ಲಿ ಮರ ಸಿಬಿರಾಗಿ ಸೀಳಿ ಎದ್ದುನಿಂತ ಒಂದು ಗೆರೆ. ಗೆರೆಯ ಆಚೆಗೊಂದು ಈಚೆಗೊಂದು ಪುಟ್ಟ ಮಡು ನಿಂತವು.

ಅವಳು ಬಗ್ಗಿ ಆ ಗೆರೆಯ ಮೇಲೆ ಬೆರಳಾಡಿಸಿದಳು.

"ಮೇಡಂ, ಇದು ಮುತ್ತುರಾಜನ ಮಷಿನ್ ಅಲ್ಲ," ಎಂದಳು. "ಮೂರಡಿ ಬಾರಿನವನು ಒಂದೇ ಏಟಿಗೆ ಆ ಕಡೆಗೆ ದಾಟ್ತಾನೆ. ಇದು ಎರಡು ಕಡೆಯಿಂದ ಕೊಯ್ದದ್ದು. ನಡುವೆ ಸೇರಿಲ್ಲ, ಸೀಳಿದೆ. ಹದಿನೆಂಟಿಂಚಿನ ಬಾರು."

"ಚಿಕ್ಕ ಮಷಿನ್ನಲ್ಲಿ ಇಂಥ ಮರಾನಾ?"

"ಬಾರಿನ ಎರಡರಷ್ಟು ಅಗಲದವರೆಗೂ ಆಗುತ್ತೆ. ತಾಳ್ಮೆ ಬೇಕು. ಇನ್ನೊಂದು ವಿಷಯ ಇದೆ."

ಆದರೆ ಆ ಇನ್ನೊಂದು ವಿಷಯವನ್ನು ಅವಳು ಆಗ ಹೇಳಲಿಲ್ಲ. ಮೊದಲು ಮುತ್ತುರಾಜನ ಗಾಡಿ ನೋಡಬೇಕೆಂದು ಜೀಪಿನ ಕಡೆ ನಡೆದಳು.

* * *

ಠಾಣೆಯ ಹಿಂದೆ ಮುತ್ತುರಾಜನ ಗಾಡಿ ನಿಂತಿತ್ತು. ಅದರಲ್ಲಿದ್ದ ತುಂಡುಗಳ ತುದಿಗೆ ಹೇಮಾವತಿ ಅಂಗೈ ಸವರಿದಳು. ಸಪಾಟು, ಚಪಾತಿ ಮಣೆಯ ಹಾಗೆ. ಒಂದೇ ಬೀಸಿಗೆ ಕೊಯ್ದದ್ದು. ಮುತ್ತುರಾಜನ ಮಷಿನ್ನಿನ ಚೈನಿಗೆ ಅರ ಹಾಕಿದವಳು ಅವಳೇ. ಗಾಡಿಯಲ್ಲಿರುವುದು ನ್ಯಾಮತಿಯಲ್ಲಿ ಕೊಂಡ ಮರವೆಂದು ಅವನು ಹೇಳುತ್ತಲೇ ಇದ್ದ, ಕೇಳುವವರಿರಲಿಲ್ಲ.

ಜೀಪಿನಲ್ಲಿ ಕೂತ ಮೇಲೆ ಅವಳು ಆ ಇನ್ನೊಂದು ವಿಷಯ ಹೇಳಿದಳು.

ವಿರೂಪಾಕ್ಷಪ್ಪ ಎಡಚರು. ಚೈನಿನ ಹಲ್ಲು ಒಂದು ಬಿಟ್ಟು ಒಂದು ಎಡಕ್ಕೂ ಬಲಕ್ಕೂ ಇರುತ್ತವೆ. ಎರಡೂ ಸಮನಾಗಿ ಸವೆಯಬೇಕು. ಎಡಗೈಯಲ್ಲಿ ಅರ ಹಿಡಿದ ಅವರಿಗೆ ಒಂದು ಕಡೆಯ ಹಲ್ಲು ಯಾವಾಗಲೂ ಕೂದಲೆಳೆಯಷ್ಟು ಗಿಡ್ಡವಾಗುತ್ತಿದ್ದವು. ಮಷಿನ್ ಕೊಯ್ಯುತ್ತ ಹೋದಂತೆ ಕೆಳಗೆ ಜಗ್ಗುತ್ತಿತ್ತು, ಬೊಡ್ಡೆ ತಟ್ಟೆಯ ಹಾಗೆ ತಗ್ಗಾಗುತ್ತಿತ್ತು. ಬಲಗೈಯವರು ತಪ್ಪಿದರೆ ಮೇಲಕ್ಕೆ ಹೋಗುತ್ತದೆ, ಬೊಡ್ಡೆ ಉಬ್ಬುತ್ತದೆ. ತಗ್ಗಾಗುವುದು ಈ ಸುತ್ತಮುತ್ತಲಲ್ಲಿ ಅವರ ಕೈಗೆ ಮಾತ್ರ.

"ಹಾಗಾದ್ರೆ ನಿಮ್ಮ ಗಿರಾಕಿಗಳೆಲ್ಲ ತಗ್ಗಾಗೇ ಕೊಯ್ತಾರಲ್ಲಮ್ಮ."

"ಇಲ್ಲ. ಅವರು ಊಟಕ್ಕೆ ಹೋದಾಗ ನಾನು ತಿದ್ದಿ ಇಡ್ತಿದ್ದೆ. ಅವರಿಗೆ ಹೇಳಿರಲಿಲ್ಲ."

ಅವಳ ಕೈಗೆ ಸಿಗದೆ ತಪ್ಪಿಹೋಗುತ್ತಿದ್ದದ್ದು ಒಂದೇ. ಮಷಿನ್ ಕೊಂಡವರಿಗೆಲ್ಲ ವಿರೂಪಾಕ್ಷಪ್ಪ ತಾವೇ ಅರ ಹಾಕಿದ ಇನ್ನೊಂದು ಚೈನನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಅವಳಿಗೂ ಕಾಣದಂತೆ ಚೀಲಕ್ಕೆ ಹಾಕಿ ಕಳಿಸುತ್ತಿದ್ದರು. ಕಾಡಿನ ನಡುವೆ ಹರಿತ ಹೋದರೆ ಪಾಪ ಏನು ಮಾಡ್ತಾರೆ ಎನ್ನುವುದು ಅವರ ಯೋಚನೆ. ಹಳೆಯ ಗಿರಾಕಿಗಳು ಅವನ್ನೆಲ್ಲ ಸವೆಸಿ ಹೇಮಾವತಿಯ ಹತ್ತಿರ ತಂದು ಅರ ಹಾಕಿಸಿಕೊಂಡಿದ್ದರು. ಗಟ್ಟಿ ಮರ ಸ್ವಲ್ಪ ಹೊತ್ತು ಕೊಯ್ದರೂ ಮತ್ತೆ ಅರ ಹಾಕಿಸಲೇಬೇಕು, ಆಗ ಅವಳು ತಿದ್ದಿಬಿಡುತ್ತಿದ್ದಳು. ಅಂದರೆ ಈ ಚೈನು ಎರಡು ವರ್ಷ ಬಟ್ಟೆಯಲ್ಲೇ ಇದ್ದು, ಮೊದಲ ಸಲ ಹೊರಗೆ ಬಂದದ್ದು.

ಅವರ ಕೊನೆಯ ದಿನಗಳಲ್ಲಿ ಹದಿನೆಂಟಿಂಚಿನದು ಕೊಂಡು, ಆಮೇಲೆ ಅಂಗಡಿಗೆ ಬಾರದವರು ಇಬ್ಬರು. ನಲ್ಲೂರಿನ ಹಾಲೇಶಪ್ಪ. ಕೆರೆಬಿಳಚಿಯ ಮುರುಗೇಶಪ್ಪ.

ಚೈತ್ರಶ್ರೀ ಡ್ರೈವರಿಗೆ ನಲ್ಲೂರು ಎಂದಳು.

* * *

ಹಾಲೇಶಪ್ಪ ಅವರನ್ನು ದೇವರ ಮನೆಗೆ ಕರೆದೊಯ್ದ. ಮೊಳೆಗೆ ತೂಗುಹಾಕಿದ್ದ ಚೈನಿಗೆ ಕುಂಕುಮವಿತ್ತು, ಒಣಗಿದ ಚೆಂಡು ಹೂವಿತ್ತು.

"ವಿರೂಪಾಕ್ಷಣ್ಣ ಕೈಯಾರೆ ಕೊಟ್ಟಿದ್ದು. ಬಳಸಾಕೆ ಮನ್ಸು ಬರ್ಲಿಲ್ಲ ನೋಡ್ರಿ. ಆಯುಧಪೂಜೆಗೆ ತಪ್ಪದಂಗೆ ತೊಳೆದು ಪೂಜೆ ಮಾಡ್ತೀನಿ."

"ನೀರಲ್ಲಿ ತೊಳೆದ್ರಾ?"

"ಮತ್ತೆ? ಅರಿಶಿನ ನೀರಲ್ಲೇ."

ಹೇಮಾವತಿ ಚೈನನ್ನು ಇಳಿಸಿದಳು. ತುಕ್ಕು ಹಿಡಿದು ಕೊಂಡಿಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡಿದ್ದವು. ಕೋಡುಬಳೆಯ ಹಾಗೆ ಬಾಗಿದಂತೆಯೇ ನಿಂತಿತು. ಇದು ಯಾವ ಮರವನ್ನೂ ಕೊಯ್ದಿಲ್ಲ, ಇನ್ನು ಕೊಯ್ಯುವುದೂ ಇಲ್ಲ. ಅವನ ಹೆಂಡತಿ ಶಾಂತಾದೇವಿ ಮಜ್ಜಿಗೆ ತಂದು, ನನ್ನ ಫೋಟೋ ಇಟ್ಟಿಲ್ಲ, ಚೈನಿಗೆ ಹೂವು ಬೇರೆ ಎಂದು ಗೊಣಗಿದಳು. ಚೈತ್ರಶ್ರೀಗೆ ನಗು ತಡೆಯಲಾಗಲಿಲ್ಲ.

ದಾರಿಯಲ್ಲಿ ಆ ನಗು ಇರಲಿಲ್ಲ.

"ಮುರುಗೇಶಪ್ಪ ಕಣ್ಣಾರೆ ಕಂಡ ಸಾಕ್ಷಿ ಅಮ್ಮ. ಗಿಡ್ಡ ಹಲ್ಲು, ತಗ್ಗು ಬೊಡ್ಡೆ ಅಂತ ಮೇಲಿನವರಿಗೆ ಹೇಳಿದ್ರೆ ನನ್ನನ್ನ ನೋಡಿ ನಗ್ತಾರೆ. ನಾಲ್ಕು ಜನರ ಎದುರು ತೋರಿಸೋಕಾದ್ರೆ ಹೇಳಿ, ಅವರ ಮನೆ ಹುಡುಕ್ತೀನಿ. ಅದೇ ಥರ ಇನ್ನೊಂದು ಚೈನಿಗೆ ನೀವೇ ಅರ ಹಾಕಬಹುದಲ್ಲ?"

"ಹಾಕಬಹುದು. ಆಗ ಅದು ನನ್ನ ಕೈ. ಬೇಕಂತಲೇ ಮಾಡಿದೆ ಅಂತಾರೆ."

ವಿರೂಪಾಕ್ಷಪ್ಪನವರ ಕೈ ಮುಟ್ಟಿದ ಚೈನು ಇನ್ನೊಂದಿತ್ತು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಅರ ಹಾಕಿ, ಬಟ್ಟೆ ಸುತ್ತಿ, ದಾರದಿಂದ ಎಡಗೈ ಗಂಟು ಹಾಕಿದ್ದು. ಅದನ್ನು ಹೇಮಾವತಿ ತಿದ್ದಿರಲಿಲ್ಲ. ಬಿಚ್ಚಿಯೂ ಇರಲಿಲ್ಲ. ಮೇಜಿನ ಖಾನೆಯಲ್ಲಿಟ್ಟು, ಅಂಗಡಿ ಮುಚ್ಚುವಾಗ ಒಮ್ಮೆ ಮುಟ್ಟಿ ನೋಡುತ್ತಿದ್ದಳು. ಹುಣಸೆಯಂಥ ಮರಕ್ಕೆ ಹಾಕಿದರೆ ಅವರು ಕೊಟ್ಟ ಹರಿತ ಐದು ನಿಮಿಷದಲ್ಲಿ ಹೋಗುತ್ತದೆ. ಮತ್ತೆ ಬರುವುದಿಲ್ಲ. ಹಾಕದಿದ್ದರೆ ಮುತ್ತುರಾಜ ನಾಳೆ ಕೋರ್ಟಿಗೆ.

ಅವಳು ಸೆರಗಿನ ತುದಿಗೆ ಗಂಟು ಹಾಕಿದಳು, ಬಿಚ್ಚಿದಳು. ಏನೋ ಇದೆಯೆಂದು ಚೈತ್ರಶ್ರೀಗೆ ಅರ್ಥವಾಯಿತು. ಅವಸರ ಮಾಡಲಿಲ್ಲ. ಜೀಪು ನಿಲ್ಲಿಸಿ, ಹೊರಗಿಳಿದು, ಬೇಡದ ಫೋನೊಂದನ್ನು ಮಾಡುತ್ತ ದೂರ ಹೋಗಿ ನಿಂತಳು. ಹೇಮಾವತಿ ಆ ಹುಡುಗಿಯ ಬೆನ್ನನ್ನು ನೋಡುತ್ತ ಮನಸ್ಸು ಗಟ್ಟಿ ಮಾಡಿಕೊಂಡಳು.

* * *

ನಾಲ್ಕು ಗಂಟೆಗೆ ಬದುವಿನ ಮೇಲೆ ಊರ ಜನ ಸೇರಿದ್ದರು. ಮುರುಗೇಶಪ್ಪನೂ ಬಂದು, ಭೀಮಕ್ಕನಿಗೆ ಕೂರಲು ಗೋಣಿಚೀಲ ಹಾಸಿಕೊಟ್ಟ.

ಉಳಿದಿದ್ದ ದಪ್ಪ ಕವಲನ್ನು ಗುಂಡಿ ತೋಡಿ ಮರದ ಹಾಗೆ ನೆಟ್ಟಗೆ ನಿಲ್ಲಿಸಿ ಸುತ್ತ ಮಣ್ಣು ಗಿಡಿದು ಬಿಗಿ ಮಾಡಿದರು. ಹೇಮಾವತಿ ತಿದ್ದಿದ ಚೈನೊಂದನ್ನು ಹದಿನೆಂಟಿಂಚಿನ ಮಷಿನ್ನಿಗೆ ಹಾಕಿ ಎರಡೂ ಕಡೆಯಿಂದ ಕೊಯ್ದಳು. ನೀರು ಹಾಕಿಸಿದಳು. ನೀರು ಅಂಚಿನಿಂದ ಹರಿದುಹೋಯಿತು.

ಆಮೇಲೆ ಎಣ್ಣೆಬಟ್ಟೆಯ ಗಂಟು ಮುಂದಿಟ್ಟಳು. ಗಂಟು ಹಾಗೇ ಇರುವುದನ್ನು ಎಲ್ಲರಿಗೂ ತೋರಿಸಿ ಚೈತ್ರಶ್ರೀ ಕತ್ತರಿ ಚಾಚಿದಳು. ಹೇಮಾವತಿ ಬೇಡವೆಂದು, ಉಗುರಿನಿಂದ ಒಂದೊಂದೇ ಎಳೆ ಬಿಡಿಸಿದಳು. ಚೈನು ನಿನ್ನೆ ಅರ ಹಾಕಿದ ಹಾಗೆ ಮಿನುಗಿತು.

ಅದನ್ನು ಮಷಿನ್ನಿಗೆ ಏರಿಸಿ, ಅದೇ ಕವಲನ್ನು ತುಸು ಕೆಳಗೆ ಕೊಯ್ಯತೊಡಗಿದಳು. ಒಂದು ಕಡೆಯಿಂದ. ಸುತ್ತಿ ಬಂದು ಇನ್ನೊಂದು ಕಡೆಯಿಂದ. ಕೈಯಲ್ಲಿ ಅದು ಮೆತ್ತಗೆ ಕೆಳಗೆ ಜಗ್ಗುವುದು ಅವಳಿಗೆ ತಿಳಿಯುತ್ತಿತ್ತು. ಯಾರೋ ಮೊಣಕೈ ಹಿಡಿದಂತೆ. ಮಷಿನ್ ನಿಲ್ಲಿಸಿ ಅವಳು ಕಣ್ಣೊರೆಸಿಕೊಂಡಾಗ, ಹೊಟ್ಟು ಬಿತ್ತೆಂದು ಎಲ್ಲರೂ ಅಂದುಕೊಂಡರು.

ಭೀಮಕ್ಕ ತಾನೇ ಎದ್ದು ಆ ಹೊಸ ಕೊಯ್ತದ ಮೇಲೆ ಬಿಂದಿಗೆ ಬಗ್ಗಿಸಿದಳು. ನೀರು ನಡುವಿಗೆ ಓಡಿತು. ಗೆರೆಯ ಆಚೆಗೊಂದು ಈಚೆಗೊಂದು ಮಡು.

ಹೇಮಾವತಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಎಡಗೈ, ಗಿಡ್ಡ ಹಲ್ಲು, ಎಣ್ಣೆಬಟ್ಟೆ, ಹಾಲೇಶಪ್ಪನ ದೇವರ ಮನೆ. ಕೊನೆಗೆ ತಿರುಗಿ ನಿಂತಳು.

"ಮುರುಗೇಶಪ್ಪಾರೆ, ನಮ್ಮವರು ನಿಮಗೂ ಒಂದು ಕೊಟ್ಟಿದ್ದರು. ಎಲ್ಲಿದೆ ಅದು?"

"ಎಲ್ಲೋ ಕಳೆದೋತು," ಎಂದ ಮುರುಗೇಶಪ್ಪ. ಅವನ ಕಣ್ಣು ಮಾತ್ರ ತನ್ನ ಕಣದ ಕಡೆ ಹೋಗಿಬಂತು.

ಚೈತ್ರಶ್ರೀಗೆ ಅಷ್ಟು ಸಾಕಾಯಿತು. ಪೇದೆಗಳು ಕಣದಲ್ಲಿದ್ದ ಮೆಕ್ಕೆಜೋಳದ ದಂಟಿನ ಬಣವೆ ಸರಿಸಿದರು. ಅಡಿಯಲ್ಲಿ ಹುಣಸೆಯ ತುಂಡುಗಳು. ಬುಡದ ತುಂಡನ್ನು ಆರು ಜನ ಹೊತ್ತು ತಂದು ಬೊಡ್ಡೆಯ ಮೇಲೆ ನಿಧಾನವಾಗಿ ಇಳಿಸಿದರು. ಉಬ್ಬಿದ ತಳ ತಗ್ಗಿನಲ್ಲಿ ಬಟ್ಟಲಿಗೆ ಮುಚ್ಚಳ ಕೂತ ಹಾಗೆ ಕೂತಿತು. ನಡುವೆ ನಿಂತಿದ್ದ ನೀರು ಸುತ್ತಲೂ ಚಿಮ್ಮಿ ಮುರುಗೇಶಪ್ಪನ ಪಂಚೆ ತೋಯಿಸಿತು.

ಅವನು ಬದುವಿನ ಮೇಲೆ ಕೂತ.

"ಅದರ ನೆರಳಿಗೆ ನಂದು ನಾಕು ಸಾಲು ಮೆಣಸಿನಗಿಡ ಏಳ್ತಿರ್ಲಿಲ್ಲ. ಹತ್ತು ವರ್ಷ ಕೇಳ್ದೆ. ಬಗ್ಗಲಿಲ್ಲ ಈಯಮ್ಮ. ದೊಡ್ಡ ಮರ ಅಂದ್ರೆ ದೊಡ್ಡ ಮಷಿನ್ನೇ ಅಂದ್ಕೊಂತಾರೆ, ಮುತ್ತುರಾಜನ ಮ್ಯಾಲೆ ಹೋಗ್ತೈತೆ ಅಂದ್ಕೊಂಡೆ."

ಭೀಮಕ್ಕ ಬಿಂದಿಗೆ ಕೆಳಗಿಟ್ಟು ಅವನ ಕಡೆ ತಿರುಗಿದಳು.

"ಯಾವತ್ತು ಬರ್ತೀಯಕ್ಕ ಅಂತ ನೀನು ಕೇಳಿದ್ದು ನಂಗೆ ಎಷ್ಟು ಹಿತ ಆಗಿತ್ತೋ ಮುರುಗೇಶ. ಜಗಳೂರಾಗೆ ಮಗಳ ಮುಂದೆನೂ ಹೇಳಿದ್ದೆ."

ಅವನು ಒದ್ದೆ ಪಂಚೆಯ ಅಂಚನ್ನು ಹಿಂಡಿದ.

* * *

ಮರುದಿನ ಮುತ್ತುರಾಜ ಠಾಣೆಯಿಂದ ಮಷಿನ್ ಬಿಡಿಸಿಕೊಂಡು ಸೀದಾ ಅಂಗಡಿಗೆ ಬಂದ. ಹೇಮಾವತಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಅವಳ ಕೈಯಿಂದ ಬೀಗದ ಕೈ ತೆಗೆದುಕೊಂಡು, ಬಾಗಿಲು ಮೇಲೆತ್ತಿ, ಪೊರಕೆ ಹುಡುಕಿದ. ಬೊಡ್ಡೆಯ ಸುತ್ತ ದನ ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿ ಬರ್ತೀನಿ ಎಂದು ಹೇಳಿ ಕೆರೆಬಿಳಚಿಗೆ ಹೊರಟ.

ಹೇಮಾವತಿ ಮೊಂಡಾದ ಚೈನನ್ನು ಮೇಜಿನ ಕಬ್ಬಿಣದ ಹಿಡಿಗೆಗೆ ಕಚ್ಚಿಸಿದಳು. ಕನ್ನಡಕ ಏರಿಸಿದಳು. ಒಂದು ಕಡೆಯ ಹಲ್ಲು ಉದ್ದ, ಒಂದು ಕಡೆಯದು ಗಿಡ್ಡ. ಮೂವತ್ತು ವರ್ಷದ ರೂಢಿಯಂತೆ ಕೈ ಉದ್ದದ ಹಲ್ಲಿನ ಕಡೆಗೇ ಹೋಯಿತು, ತಿದ್ದಲು.

ಕೈ ಹಿಂದೆಗೆದಳು. ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ ಅರ ಎಳೆದಳು. ಹೆಚ್ಚಿಲ್ಲ, ಕಡಿಮೆಯಿಲ್ಲ. ಹರಿತ ಅವಳದಾಯಿತು. ಅವರು ಬಿಟ್ಟುಹೋದ ಕೂದಲೆಳೆಯ ವ್ಯತ್ಯಾಸ ಇದ್ದಲ್ಲೇ ಉಳಿಯಿತು.