ಖಾಲಿ ಬ್ಯಾಟರಿಯ ಸಾಕ್ಷಿ

ಮೀಸೆ ಚಿಗುರಿದಂದಿನಿಂದ ಚೇತನಕುಮಾರ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಸೋದರಮಾವ ಬಸವಂತರಾಯರಿಗೆ ಎಡಗೈ, ಬಲಗೈ ಎರಡೂ ಆಗಿ ದುಡಿದಿದ್ದ. ಅಂಥ ಮಾವ ಒಂದು ದಿನ ರೊಟ್ಟಿ ಮುರಿಯುತ್ತಲೇ, ಮಿಲ್ಲು ಇನ್ನು ಮಗಳ ಗಂಡ ಪ್ರವೀಣಕುಮಾರನದು ಎಂದುಬಿಟ್ಟರು. ಹತ್ತಿಗೂ ಅರಳೆಗೂ ವ್ಯತ್ಯಾಸ ತಿಳಿಯದ ಆ ಸುರಪುರದವನಿಗೆ! ಚೇತನನ ಹೊಟ್ಟೆಗೆ ಬೆಂಕಿ ಬಿತ್ತು. ಆದರೂ "ಛಲೋ ಆತ್ರಿ ಮಾಮಾ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಪ್ರವೀಣ ಸಾಯಬೇಕೆಂದು ಆ ಊಟದಲ್ಲೇ ತೀರ್ಮಾನವಾಗಿತ್ತು.

ಸಾಧನ ಮನೆಯಲ್ಲೇ ಇತ್ತು. ಮಾವ ಶೋಕಿಗೆಂದು ಹೈದರಾಬಾದಿನಿಂದ ತಂದ ಕೆಂಪು ಕಾರು. ಕರೆಂಟಿನ ಸ್ಪೋರ್ಟ್ಸ್ ಕಾರುಗಳು ಮೊದಮೊದಲು ಬಂದ ಕಾಲದ್ದು, ಇಬ್ಬರೇ ಕೂರುವಂಥದ್ದು. ಕಾಲೊತ್ತಿದರೆ ಬೆನ್ನು ಸೀಟಿಗೆ ಅಂಟುವ ವೇಗ, ಆದರೆ ಸದ್ದೆಂಬುದೇ ಇಲ್ಲ. ಹೊಸದರಲ್ಲಿ ಒಂದೇ ಚಾರ್ಜಿಗೆ ಹೈದರಾಬಾದ್ ಮುಟ್ಟುತ್ತಿತ್ತಂತೆ. ಈಗ ಬ್ಯಾಟರಿ ಮುದಿಯಾಗಿ, ಸುರಪುರಕ್ಕೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಮನೆಯ ಪ್ಲಗ್ಗಿಗೆ ಹಚ್ಚಿದರೆ ತುಂಬಲು ಎರಡು ದಿನ ಬೇಕೆಂದು ಊರಿಗೆಲ್ಲ ಗೊತ್ತು. ಮಿಲ್ಲಿನ ತ್ರೀ ಫೇಸ್ ಕರೆಂಟಿಗೆ ಒಂದು ಮಧ್ಯಾಹ್ನ ಸಾಕೆಂಬುದು ಚೇತನನೊಬ್ಬನಿಗೇ ಗೊತ್ತು.

ಅಮಾವಾಸ್ಯೆಯ ದಿನವನ್ನೇ ಆರಿಸಿದ. ಅಂದು ಯಾರೂ ಎತ್ತು ಹೂಡುವುದಿಲ್ಲ, ಹೊಲಗಳು ಬಿಕೋ ಎನ್ನುತ್ತಿರುತ್ತವೆ. ಪ್ರವೀಣನೋ, ಈಜು ಬಾರದಿದ್ದರೂ ಹೊಸ ಮೋಟಾರಿನ ಹುಚ್ಚಿಗೆ ದಿನಾ ಬೆಳಿಗ್ಗೆ ಒಬ್ಬನೇ ಸುರಪುರದ ತನ್ನ ಹೊಲದ ಬಾವಿಗೆ ಇಣುಕುವವನು. ಹಿಂದಿನ ದಿನ ಚೇತನ ಮಿಲ್ಲಿನಲ್ಲಿ ಗುಟ್ಟಾಗಿ ಕಾರಿನ ಬ್ಯಾಟರಿ ತುಂಬಿಸಿಕೊಂಡ. ಸಂಜೆ ಬಜಾರದ ನಟ್ಟನಡುವೆ ನಿಲ್ಲಿಸಿ, ಬ್ಯಾಟರಿ ಖಾಲಿಯೆಂದು ಹಣೆ ಚಚ್ಚಿಕೊಂಡ. ಗೋಗಿಯ ರೇವಣಸಿದ್ದ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದ. ಜನ ಕೇಕೆ ಹಾಕಿ ನಕ್ಕರು, ವಿಡಿಯೊ ಮಾಡಿದರು. ನಗಲಿ ಮಕ್ಕಳು, ನಕ್ಕವರೆಲ್ಲ ಸಾಕ್ಷಿಗಳೇ ಎಂದುಕೊಂಡ. ಮನೆಯ ಶೆಡ್ಡಿನಲ್ಲಿ ಪ್ಲಗ್ಗಿಗೆ ಹಚ್ಚಿದ. ಅವನ ಬೈಕು ಆಗಲೇ ಯಾದಗಿರಿಯ ಗ್ಯಾರೇಜು ಸೇರಿತ್ತು. ಮಾವ ಜೀಪಿನಲ್ಲಿ ಕಲಬುರ್ಗಿಗೆ ಹೋಗಿದ್ದರು.

ಬೆಳಿಗ್ಗೆ ಜಳಕ ಮುಗಿಸಿ ಬಂದ. ಅತ್ತೆ ಗೊಲ್ಲಾಳಮ್ಮ ಗುಡಿಗೆ ಹೊರಟದ್ದೇ ತಡ, ಶೆಡ್ಡಿನ ಹಿಂದಿನ ಬಾಗಿಲಿನಿಂದ ಕಾರನ್ನು ಕಾಲುವೆ ರಸ್ತೆಗೆ ಇಳಿಸಿದ. ಒಂದು ನರಪಿಳ್ಳೆಯೂ ಎದುರಾಗಲಿಲ್ಲ. ಬಾವಿಯ ದಂಡೆಯಲ್ಲಿ ಬಗ್ಗಿ ನಿಂತ ಪ್ರವೀಣನಿಗೆ ಕಾರು ಬಂದದ್ದೂ ಕೇಳಲಿಲ್ಲ, ಹೆಜ್ಜೆಯೂ ಕೇಳಲಿಲ್ಲ. ಸ್ವಲ್ಪ ಹೊತ್ತು ನೀರು ಬಡಿದ ಸದ್ದಿತ್ತು, ಆಮೇಲೆ ಅದೂ ನಿಂತಿತು. ಅತ್ತೆ ಮರಳುವ ಮೊದಲೇ ಕಾರು ಶೆಡ್ಡಿನಲ್ಲಿತ್ತು. ಬ್ಯಾಟರಿ ಕಾಲು ಭಾಗಕ್ಕೆ ಇಳಿದಿತ್ತು. ಖಾಲಿ ಕಾರು ಒಂದು ರಾತ್ರಿ ಮನೆಯ ಕರೆಂಟು ಕುಡಿದರೆ ಅಷ್ಟೇ ತುಂಬಬೇಕಿತ್ತು. ತನ್ನ ಬುದ್ಧಿಗೆ ತಾನೇ ಶಹಬ್ಬಾಸ್ ಹೇಳಿಕೊಂಡು ಪ್ಲಗ್ಗು ಹಚ್ಚಿದ.

ಇಳಿಹೊತ್ತಿಗೆ ಸುದ್ದಿ ಬಂತು, ಅದರ ಬೆನ್ನಿಗೇ ಪಿಎಸ್‌ಐ ಸುನೀಲಕುಮಾರ. ಬಾವಿಯ ದಂಡೆಯಲ್ಲಿ ಇನ್ನೊಬ್ಬರ ಹೆಜ್ಜೆ ಕಂಡಿವೆ, ಮನೆಯವರೆಲ್ಲ ಎಲ್ಲಿದ್ದರೆಂದು ವಿಚಾರಿಸುತ್ತಿದ್ದೇನೆ ಎಂದ. ಚೇತನ ಕಣ್ಣೊರೆಸಿಕೊಂಡು ಶೆಡ್ಡಿಗೆ ಕರೆದೊಯ್ದ.

"ನನಗ ಇರೋದು ಇದೊಂದೇ ಗಾಡಿರಿ ಸಾಹೇಬ್ರ. ನಿನ್ನಿ ಸಂಜಿಯಿಂದ ಚಾರ್ಜಿಗೆ ಐತಿ, ಒಂದು ಗೇಣೂ ಸರದಿಲ್ಲ."

ಬಜಾರದ ವಿಡಿಯೊ ಪಿಎಸ್‌ಐ ಕೂಡ ನೋಡಿದ್ದ. ಬ್ಯಾಟರಿಯ ಮುಳ್ಳು ನೋಡಿ, ತಲೆಯಾಡಿಸಿ ಹೊರಟ.

ಅಷ್ಟರಲ್ಲಿ, ಸುರಪುರದ ಮಗಳ ಹತ್ತಿರ ಇದರಲ್ಲಾದರೂ ಕರೆದುಕೊಂಡು ಹೋಗೆಂದು ಗೋಗರೆಯುತ್ತ ಗೊಲ್ಲಾಳಮ್ಮ ಬಂದು ಕಾರಿನ ಬಾಗಿಲಿಗೆ ಕೈ ಹಾಕಿದಳು. ನೆಲ ನೋಡಿ ಗಕ್ಕನೆ ನಿಂತಳು. "ಗಾಡಿ ಯಾವಾಗ ತಗದಿದ್ದಿ ಚೇತನ? ನಿನ್ನಿ ಬಜಾರದಾಗ ಮಂದಿ ಕಣ್ಣು ಬಿದ್ದಿತ್ತಲ್ಲ, ಅಮಾಸಿ ಬ್ಯಾರೆ. ಮುಂಜಾನಿ ನೀ ಜಳಕಕ್ಕ ಹೋದಾಗ ಗಾಲಿ ಮುಂದ ಇಟ್ಟಿದ್ದೆ, ಚಾರ್ಜ್ ಆದ ಮ್ಯಾಲ ಹತ್ತಿಸ್ಲಿ ಅಂತ." ಪಿಎಸ್‌ಐ ತಿರುಗಿ ಬಂದು ಮೊಣಕಾಲೂರಿದ. ಫರಸಿ ಕಲ್ಲಿನ ಮೇಲೆ ನಾಲ್ಕು ನಿಂಬೆಹಣ್ಣು ಬೀಜ ಕಾರಿ ಅಪ್ಪಚ್ಚಿಯಾಗಿ ಬಿದ್ದಿದ್ದವು.