ಹೆದರಿಕೆ ಕೊಟ್ಟ ಸಕ್ಕರೆ

"ನಂಗೆ ಈ ಕಾಯಿಲೆ ತಂದಿಟ್ಟೋಳೇ ಈಗ ನಂಗೆ ಊಟ ಮಾಡೋದು ಹೇಳಿಕೊಡ್ತಾಳಂತೆ. ಮಾನ ಮರ್ಯಾದೆ ಏನಾದ್ರೂ ಇದ್ಯಾ ಇವಳಿಗೆ?"

ಊರಿನವರು ಗೌರವದಿಂದ 'ದೋನ್ಯಾ' ಎಂದು ಕರೆಯುವ ಕಸಿಲ್ದಾ ಹಾಗೆಂದಾಗ ಒತೀಲಿಯಾ ತಟ್ಟೆ ಹಿಡಿದು ಎಲ್ಲರೆದುರು ನಿಂತಿದ್ದಳು. ಆಸ್ಪತ್ರೆಯ ಹಿತ್ತಿಲಿನ ಚಪ್ಪರದಡಿ ಊರಿನ ಸಕ್ಕರೆ ಕಾಯಿಲೆಯವರೆಲ್ಲ ಕುರ್ಚಿ ಎಳೆದುಕೊಂಡು ಕೂತಿದ್ದರು. ಊಟದ ಬಗ್ಗೆ ಒತೀಲಿಯಾ ಅವರಿಗೆ ಹೇಳಿಕೊಡಬೇಕಿದ್ದ ಮೊದಲ ಪಾಠ ಅದು. ಬಾಯಿ ತೆರೆಯುವ ಮೊದಲೇ ಮಂಗಳಾರತಿ!

ಕಸಿಲ್ದಾಳ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದವನು ಅವಳ ಮಗ ನೆರೆಯೊ. ಬಿಸಿಲಿಗೆ ಕಂದಿದ ಅದೇ ಮುಖ... ಅದೇ ಕಣ್ಣು... ಆರು ವರ್ಷಗಳ ಮೇಲೆ ಒತೀಲಿಯಾ ಅವನನ್ನು ನೋಡುತ್ತಿದ್ದಳು. ಅವನು ತಲೆ ತಗ್ಗಿಸಿದ.

'ಇವತ್ತೂ ತುಟಿ ಬಿಚ್ಚಲ್ಲ ಇವನು' ಎಂದುಕೊಂಡಳು.

ನಮ್ಮದು ವೆರಾಕ್ರೂಸ್ ಕರಾವಳಿಯಲ್ಲಿ, ಹಿನ್ನೀರು ಸಮುದ್ರ ಸೇರುವ ಕಡೆ ಇರುವ ಮೀನುಗಾರರ ಊರು. ನಮ್ಮವರ ಪ್ರಕಾರ ಸಕ್ಕರೆ ಕಾಯಿಲೆ ಬರುವುದು ಸಕ್ಕರೆಯಿಂದಲ್ಲ, ಹೆದರಿಕೆಯಿಂದ. ಗಾಬರಿಯಾದಾಗ ಜೀವ ಮೈಬಿಟ್ಟು ಅಲ್ಲೇ ನಿಂತುಬಿಡುತ್ತದೆ, ರಕ್ತ ಸಿಹಿಯಾಗುತ್ತದೆ. ಹಾಗಾದ ಮೇಲೆ ಹೆದರಿಸಿದವರು ಅಂತ ಒಬ್ಬರು ಇರಲೇಬೇಕಲ್ಲ? ಕಸಿಲ್ದಾಳ ಪಾಲಿಗೆ ಅದು ಒತೀಲಿಯಾ.

ಆರು ವರ್ಷದ ಹಿಂದೆ ಒಂದು ದಿನ ಬಡಗಾಳಿ ಹುಚ್ಚೆದ್ದು ಬೀಸುತ್ತಿತ್ತು. ನೆರೆಯೊ ದೋಣಿ ತೆಗೆದುಕೊಂಡು ಹೋಗಿದ್ದ. ದಡಕ್ಕೆ ಬಂದು ಬಿದ್ದ, ಅವನ ದೋಣಿಯ ಹಾಗೇ ನೀಲಿ ಬಣ್ಣದ ಹಲಗೆಯ ತುಂಡು ನೋಡಿ, ಇಪ್ಪತ್ತರ ಹುಡುಗಿ ಒತೀಲಿಯಾ ಬರಿಗಾಲಲ್ಲಿ ಕಸಿಲ್ದಾಳ ಮನೆಗೆ ಓಡಿದ್ದಳು. "ನೆರೆಯೊ ಮುಳುಗಿಹೋದ" ಎಂದು ಕಿರುಚಿದ್ದಳು. ತಾಯಿ ಕೂತಲ್ಲೇ ಕುಸಿದಳು. ಸಂಜೆ ನೆರೆಯೊ ಗಟ್ಟಿಮುಟ್ಟಾಗಿ ಮನೆಗೆ ಬಂದ. ಹಲಗೆ ಬೇರೆ ಯಾರದೋ ಹಳೆಯ ದೋಣಿಯದು!

ಕೆಲವು ತಿಂಗಳ ಮೇಲೆ ಕಸಿಲ್ದಾಳಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಊರಿಗೆ ಊರೇ ಒತೀಲಿಯಾಳತ್ತ ಬೆರಳು ತೋರಿಸಿತು. ಅವಳು ಕಾದಿದ್ದು ಒಬ್ಬನ ಮಾತಿಗೆ ಮಾತ್ರ. ಹಿನ್ನೀರಿನ ಸೇತುವೆಯ ಮೇಲೆ ಅವಳ ಕೈ ಹಿಡಿದು ಮದುವೆಯ ಮಾತಾಡಿದ್ದ ನೆರೆಯೊ ಆ ದಿನ ಪಿಟಕ್ಕೆನ್ನಲಿಲ್ಲ. ಒತೀಲಿಯಾ ಹಲಾಪಾ ನಗರಕ್ಕೆ ಹೋದಳು, ಆಹಾರದ ವಿದ್ಯೆ ಓದಿದಳು, ಸರ್ಕಾರ ಅವಳನ್ನು ಮತ್ತೆ ಇದೇ ಊರಿಗೆ ತಂದು ಹಾಕಿತು.

ಈಗ ಚಪ್ಪರದಡಿ ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಇಲ್ಲಿ ಕಾಯಿಲೆ ಬಂದಿರುವ ಉಳಿದವರಿಗೂ ನಾನೇ ಕೊಟ್ಟಿದ್ದೇನಾ ಎಂದು ಸೀದಾ ಕೇಳಿದಳು.

ಕೇಳಿದ್ದೇ ತಪ್ಪಾಯಿತು. ಬಲೆ ಹೆಣೆಯುವ ದೋನ್ ಫೌಸ್ತೊ ತನಗೆ ಚಂಡಮಾರುತದಿಂದ ಬಂತು ಎಂದ. ಎಲ್ವಿರಾ ತನ್ನ ಗಂಡನನ್ನು ಇನ್ನೊಬ್ಬಳ ಮನೆಯಲ್ಲಿ ಕಂಡ ದಿನ ಬಂತು ಎಂದಳು. ಇನ್ನೊಬ್ಬನಿಗೆ ಕತ್ತಲಲ್ಲಿ ಕತ್ತೆ ಅಡ್ಡ ಬಂದಿತ್ತಂತೆ. ಹೇಳುತ್ತ ಹೇಳುತ್ತ ಫೌಸ್ತೊ ಬ್ಯಾಗಿನಿಂದ ಕೋಲಾ ಬಾಟಲಿ ತೆಗೆದು ಗಟಗಟ ಕುಡಿದ.

ಒತೀಲಿಯಾಗೆ ನಗು ಬಂತು, ಅಳುವೂ ಬಂತು. ಆದರೂ ಪಾಠ ಬಿಡಲಿಲ್ಲ. ಮೀನು ತಿನ್ನಿ, ಆದರೆ ಎಣ್ಣೆಯಲ್ಲಿ ಮುಳುಗಿಸಬೇಡಿ ಎಂದಳು. ಅರ್ಧ ತಟ್ಟೆ ಸೀಮೆಬದನೆ, ಟೊಮೆಟೊ, ಮುಳ್ಳು ತೆಗೆದು ಬೇಯಿಸಿದ ಎಳೆ ಪಾಪಸ್ಸುಕಳ್ಳಿ ತುಂಬಿದಳು. ಇನ್ನರ್ಧದಲ್ಲಿ ಒಂದು ಪಾಲು ಮೀನು, ಒಂದು ಪಾಲು ಅನ್ನ. ಅನ್ನ ಹಾಕಿಕೊಂಡರೆ ಮೆಕ್ಕೆಜೋಳದ ರೊಟ್ಟಿ ಬೇಡ, ರೊಟ್ಟಿ ಬೇಕಾದರೆ ಅನ್ನ ಬೇಡ. ಕರಿದ ಬಾಳೆಹಣ್ಣು ಹಬ್ಬಕ್ಕೆ ಮಾತ್ರ.

ಕಸಿಲ್ದಾ ಮುಖ ಗಂಟಿಕ್ಕಿಕೊಂಡು ಎದ್ದು ಹೋದಳು. ಹೋಗುವಾಗ ಕಾಲು ಎಳೆಯುತ್ತಿದ್ದಳು. ಒತೀಲಿಯಾ ಅದನ್ನು ನೋಡಿಯೇಬಿಟ್ಟಳು.

ಕಸಿಲ್ದಾಳ ಕಾಲಿನ ಹೆಬ್ಬೆರಳಿನ ಹುಣ್ಣು ಮಾಯುತ್ತಿಲ್ಲ ಎಂದು ಡಾಕ್ಟರು ಹೇಳಿದರು. ಮಾತ್ರೆಯೊಂದೇ ಸಾಲದು, ಊಟ ಹೀಗೇ ಇದ್ದರೆ ಕಾಲಿಗೇ ಕುತ್ತು. ಅದನ್ನು ಕೇಳಿ ಒತೀಲಿಯಾ ಇನ್ನೇನು ಮಾಡಬಹುದು ಎಂದು ಡಾಕ್ಟರನ್ನು ಮತ್ತೆ ಮತ್ತೆ ಕೇಳಿದಳು. ಏನೇ ಇರಲಿ, ಚಿಕ್ಕಂದಿನಲ್ಲಿ ಅದೇ ಹೆಂಗಸು ಅವಳಿಗೆ ಮೀನಿನ ಸಾರು ಕಲಸಿ ಉಣ್ಣಿಸಿದ್ದಳು.

ಮರುದಿನ ಸಂಜೆ ದೋಣಿ ಕಟ್ಟೆಯ ಹತ್ತಿರ ನೆರೆಯೊ ಅವಳ ದಾರಿಗೆ ಅಡ್ಡ ನಿಂತ. ಊರಿನ ಹೆಂಗಸರೆಲ್ಲ ಸೇರಿ ಒಂದು ಉಪಾಯ ಹುಡುಕಿದ್ದರು. ಒತೀಲಿಯಾ ಕಸಿಲ್ದಾಳ ಮನೆಗೆ ಬಂದು, ಎಲ್ಲರೆದುರು ಅವಳ ಕ್ಷಮೆ ಕೇಳಬೇಕು. ನಾಟಿವೈದ್ಯೆ ಸೊಪ್ಪಿನಿಂದ ನೀವಾಳಿಸಿ, ಮೈಬಿಟ್ಟು ಹೋದ ಜೀವವನ್ನು ವಾಪಸ್ಸು ಕರೆಯುತ್ತಾಳೆ.

"ಒಂದೇ ಒಂದು ಮಾತು, ಒತಿ. ತಪ್ಪಾಯ್ತು ಅಂದ್ಬಿಡು. ಆಮೇಲೆ ಅಮ್ಮ ನೀನು ಹೇಳಿದ್ದೆಲ್ಲ ತಿಂತಾಳೆ."

"ತಿನ್ನಲ್ಲ ಕಣೋ. ಜೀವ ವಾಪಸ್ ಬಂತು, ಕಾಯಿಲೆ ಹೋಯ್ತು ಅಂತ ತಿಂದಿದ್ದೇ ತಿಂತಾರೆ. ಫೌಸ್ತೊ ಚಂಡಮಾರುತದ ಹತ್ರ ಕ್ಷಮೆ ಕೇಳಿಸ್ಕೊಳ್ಳೋಕೆ ಹೋಗ್ತಾನೆ. ನನ್ನ ಪಾಠಕ್ಕೆ ಯಾರು ಬರ್ತಾರೆ?"

"ಅವಳ ಕಾಲು ಹೋಗುತ್ತೆ ಒತಿ..."

"ಅದಕ್ಕೇ ಹೇಳಲ್ಲ. ಆರು ವರ್ಷ ನಾನೂ ನಂಬಿದ್ದೆ, ನೆರೆಯೊ. ನಾನೇ ನಿಮ್ಮಮ್ಮನ ಮೈಗೆ ವಿಷ ಹಾಕಿದೆ ಅಂತ. ಪುಸ್ತಕ ಓದಿ ಓದಿ ಆ ಪಾಪ ಇಳಿಸ್ಕೊಂಡೆ. ಇನ್ನೊಂದ್ಸಲ ಹೊರಲ್ಲ. ಯಾರಿಗೋಸ್ಕರಾನೂ. ನಿನಗೋಸ್ಕರಾನೂ."

ಅವನ ಕಣ್ಣು ತುಂಬಿ ಬಂತು. ಅವಳಿಗೂ ಅಷ್ಟೇ. ಅವನ ತೋಳಿಗೆ ಬಿದ್ದು ಅತ್ತುಬಿಡಬೇಕು ಎನ್ನಿಸಿತು. ಆದರೆ ಒತೀಲಿಯಾ ಟೊಂಕ ಕಟ್ಟಿ ನಿಂತ ಹೆಣ್ಣು! ತಿರುಗಿ ನೋಡದೆ ನಡೆದಳು.

ಮುಂದಿನ ಪಾಠಕ್ಕೆ ಕಸಿಲ್ದಾ ತಾನಾಗಿಯೇ ಬಂದಳು. ಕಲಿಯುವುದಕ್ಕಲ್ಲ, ಜಗಳಕ್ಕೆ. ಹುಣ್ಣಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಮಗನ ಕೈ ಹಿಡಿದು ಮೇಜಿನವರೆಗೂ ಎಳೆದುಕೊಂಡು ಬಂದಳು.

"ನೋಡ್ರಪ್ಪ ಎಲ್ಲ. ಇವನು ಹುಟ್ಟಿದಾಗಿಂದ ನನ್ನ ಪಾತ್ರೇಲೇ ಉಂಡೋನು. ಊಟದಿಂದ ಕಾಯಿಲೆ ಬರೋದಾದ್ರೆ ಇವನಿಗೂ ಬರ್ಬೇಕಿತ್ತಲ್ವಾ? ಚುಚ್ಚೇ ಇವನ ಬೆರಳಿಗೆ."

ನೆರೆಯೊ ನಕ್ಕು ಬೆರಳು ಚಾಚಿದ. ಬಡಗಾಳಿಯಲ್ಲೂ ದೋಣಿ ಬಿಡುವವನಿಗೆ ಸೂಜಿ ಯಾವ ಲೆಕ್ಕ? ಅವನಷ್ಟು ಗಟ್ಟಿ ಗುಂಡಿಗೆಯ ಗಂಡಸು ಕರಾವಳಿಯಲ್ಲೇ ಇಲ್ಲ ಎಂದು ಫೌಸ್ತೊ ಹಿಂದಿನಿಂದ ಹೊಗಳಿದ.

ಒತೀಲಿಯಾ ಬೆರಳಿಗೆ ಚುಚ್ಚಿ, ರಕ್ತದ ಸಕ್ಕರೆ ಅಳೆಯುವ ಮಿಷನ್ ನೋಡಿದಳು. ಮುಖ ಬಿಳಿಚಿಕೊಂಡಿತು. ಸಿಹಿ ಬ್ರೆಡ್ ಏನಾದರೂ ಮುಟ್ಟಿದ್ದೀಯಾ, ಸೋಪು ಹಾಕಿ ಕೈ ತೊಳೆದು ಬಾ ಎಂದಳು. ತೊಳೆದು ಬಂದ. ಮತ್ತೆ ಚುಚ್ಚಿದಳು.

'ದೇವರೇ... ಇವನಿಗೆ ಬೇಡ... ಇವನಿಗೆ ಮಾತ್ರ ಬೇಡ...'

ಎಷ್ಟಿದೆ ಎಂದು ಮೆಲ್ಲಗೆ ಹೇಳಿದಳು. ಅಲ್ಲಿ ಕೂತವರಿಗೆಲ್ಲ ಆ ಲೆಕ್ಕ ಬಾಯಿಪಾಠ. ಸಕ್ಕರೆ ಹೆಚ್ಚೇ ಇದೆ ಎಂದು ಎಲ್ಲರಿಗೂ ಅರ್ಥವಾಯಿತು. ಇದೊಂದರಿಂದಲೇ ತೀರ್ಮಾನ ಆಗುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಡಾಕ್ಟರ ಹತ್ತಿರ ರಕ್ತ ಕೊಡಬೇಕು ಎಂದು ಅವಳು ಹೇಳುತ್ತಲೇ ಇದ್ದಳು. ಆದರೆ ತಾಯಿಯ ಕಿವಿಗೆ ಅದು ಬೀಳಲಿಲ್ಲ.

"ಯಾರು?" ಕಸಿಲ್ದಾ ಮಗನ ಅಂಗಿ ಹಿಡಿದಳು. "ಯಾರು ನಿನ್ನ ಹೆದರಿಸಿದ್ದು? ಹೆಸರು ಹೇಳು. ಸುಮ್ನೆ ಬಿಡಲ್ಲ ಅವರನ್ನ."

ನೆರೆಯೊ ಅಮ್ಮನ ಕೈಯನ್ನು ಮೆತ್ತಗೆ ಬಿಡಿಸಿದ.

"ಸಮುದ್ರಕ್ಕೆ ಹೆದರಿಲ್ಲಮ್ಮ. ಗಾಳಿಗೆ ಹೆದರಿಲ್ಲ. ಹೆದರಿದ್ದು ಒಬ್ಬರಿಗೇ. ನಿಂಗೆ."

"ಏನಂದೆ?"

"ಒತಿ ಅವತ್ತು ಕಿರುಚಿದ್ದು ನನ್ನ ಮೇಲಿನ ಪ್ರೀತಿಗೆ. ನಾನು ಸತ್ತೆ ಅಂತ ಎದೆ ಒಡ್ಕೊಂಡು ಕಿರುಚಿದಳು. ಅದು ನಂಗೆ ಗೊತ್ತಿತ್ತು. ನಿನ್ನ ಬಾಯಿಗೆ ಹೆದರಿ ಸುಮ್ನಿದ್ದೆ. ಆರು ವರ್ಷ ದಿನಾ ಹೆದರ್ಕೊಂಡೇ ಉಂಡೆ, ಹೆದರ್ಕೊಂಡೇ ಮಲಗ್ದೆ. ಹೆದರಿಕೆಯಿಂದ ಸಕ್ಕರೆ ಬರೋದಾದ್ರೆ ಇದನ್ನ ನಂಗೆ ಕೊಟ್ಟೋಳು ನೀನು. ಒಪ್ಕೋತೀಯಾ?"

ಊರನ್ನೇ ನಡುಗಿಸುವ ಹೆಂಗಸು ಕುರ್ಚಿಗಾಗಿ ತಡಕಾಡಿದಳು.

"ನಾನಾ? ಹೆತ್ತೋಳು ನಾನು... ನನ್ನ ಮಗನಿಗೆ ನಾನೇ...?"

ಅವಳು ಯಾರನ್ನೋ ಹುಡುಕುವಂತೆ ಸುತ್ತ ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಆ ಕಣ್ಣು ಒತೀಲಿಯಾಳ ಮೇಲೆ ನಿಂತಿತು.

ಅಬ್ಬಾ, ಆ ಗಳಿಗೆ! ಆರು ವರ್ಷ ನುಂಗಿದ ಅವಮಾನಕ್ಕೆಲ್ಲ ಬಡ್ಡಿಸಮೇತ ಸೇಡು ಕೈಗೇ ಸಿಕ್ಕಿತ್ತು. ಒತೀಲಿಯಾ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಆ ಭಾರ ಹೊತ್ತುಕೊಂಡು ಮಲಗುವುದು ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ಹೋಗಿ ಕಸಿಲ್ದಾಳ ಮುಂದೆ ಮೊಣಕಾಲೂರಿ ಕೂತಳು. ಸುಕ್ಕುಗಟ್ಟಿದ ಆ ಕೈಗಳನ್ನು ಹಿಡಿದುಕೊಂಡಳು.

"ಇಲ್ಲ ದೋನ್ಯಾ. ನೀವು ಕೊಟ್ಟಿದ್ದಲ್ಲ. ಹೆದರಿಸಿ ಯಾರೂ ಯಾರಿಗೂ ಈ ಕಾಯಿಲೆ ಕೊಡೋಕಾಗಲ್ಲ. ಇದು ಮನೆತನದಲ್ಲಿ ಹರಿದು ಬರುತ್ತೆ, ತಿನ್ನೋದು ಕುಡಿಯೋದು ಅದನ್ನ ಏರಿಸುತ್ತೆ, ಇಳಿಸುತ್ತೆ. ನೀವು ನಿಮ್ಮ ಮಗನಿಗೆ ಕೊಟ್ಟಿಲ್ಲ." ಅವಳು ಒಂದು ಉಸಿರು ಎಳೆದುಕೊಂಡಳು. "ನಾನೂ ನಿಮಗೆ ಕೊಟ್ಟಿಲ್ಲ."

ಕಸಿಲ್ದಾ ಅತ್ತಳು. ಗಂಡ ಸತ್ತಾಗಲೂ ಜನರೆದುರು ಅಳದವಳು ಸಣ್ಣ ಮಗುವಿನಂತೆ ಅತ್ತಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು, ಮೇಜಿನ ಮೇಲಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇವನಿಗೆ ಅನ್ನ ಎಷ್ಟು ಹಾಕ್ಬೇಕು, ತೋರ್ಸು."

"ನಿಮಗೂ ಅಷ್ಟೇ. ಇಬ್ಬರಿಗೂ ತೋರಿಸ್ತೀನಿ."

"ನಾನು ನಿನ್ನ ಕ್ಷಮಿಸಿದೀನಿ ಅಂದ್ಕೋಬೇಡ."

"ನಾನು ಕೇಳೇ ಇಲ್ವಲ್ಲ ದೋನ್ಯಾ."

ಕಸಿಲ್ದಾಳ ತುಟಿಯಂಚು ಸ್ವಲ್ಪ ಅಲುಗಿತು. ನಕ್ಕಳು ಎಂದು ಎಲ್ವಿರಾ ಇವತ್ತಿಗೂ ವಾದಿಸುತ್ತಾಳೆ.

ಡಾಕ್ಟರ ಪರೀಕ್ಷೆಯಲ್ಲೂ ನೆರೆಯೊಗೆ ಸಕ್ಕರೆ ಕಾಯಿಲೆ ಎಂದೇ ಬಂತು. ಆದರೆ ಬೇಗ ಗೊತ್ತಾಗಿದೆ, ಹಿಡಿತಕ್ಕೆ ತರಬಹುದು ಎಂದರು. ಆ ಮಳೆಗಾಲವೆಲ್ಲ ಕಸಿಲ್ದಾಳ ಒಲೆಯ ಮೇಲೆ ಪಾಪಸ್ಸುಕಳ್ಳಿ ಬೆಂದಿತು. ಕೋಲಾ ಬಾಟಲಿ ಕೈಯಲ್ಲಿ ಕಂಡಿದ್ದಕ್ಕೆ ಫೌಸ್ತೊ ಅವಳಿಂದ ನಡುಬೀದಿಯಲ್ಲಿ ಬೈಸಿಕೊಂಡ. ಹೆಬ್ಬೆರಳಿನ ಹುಣ್ಣು ನಿಧಾನವಾಗಿ ಮಾಯಿತು. ಅವಳು ತನ್ನ ಎರಡೂ ಕಾಲಿನ ಮೇಲೆ ನಡೆದುಕೊಂಡು ಪಾಠಕ್ಕೆ ಬಂದಳು.

ಅವತ್ತು ಎಲ್ಲರೂ ಹೋದ ಮೇಲೆ ಒತೀಲಿಯಾ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ನೆರೆಯೊ ಬಂದು ಪಕ್ಕದಲ್ಲಿ ಕೂತು ತಾನೂ ಒಂದು ತಟ್ಟೆ ತೆಗೆದುಕೊಂಡ. ಅವನ ಕೈ ಅವಳ ಕೈಗೆ ತಗುಲಿತು. ಇಬ್ಬರೂ ಸರಿಸಿಕೊಳ್ಳಲಿಲ್ಲ.

"ಒತಿ... ಆಗಿದ್ದು ನನ್ನಿಂದಲೇ. ಮಾತಾಡ್ಬೇಕಾದಾಗ ಮಾತಾಡ್ಲಿಲ್ಲ. ಕ್ಷಮಿಸ್ತೀಯಾ ಅಂತ ಕೇಳೋಕೂ ಮುಖ ಇಲ್ಲ."

"ಕೇಳು ಆದ್ರೂ."

"ಕ್ಷಮಿಸ್ತೀಯಾ?"

"ಸಿಟ್ಟು ಇನ್ನೂ ಇದೆ," ಎಂದಳು. ಅವಳ ಕಣ್ಣೀರು ತಟ್ಟೆಯೊಳಗೆ ಬಿತ್ತು. "ಆದ್ರೆ ಸಿಟ್ಟಿಗಿಂತ ನೀನೇ ಜಾಸ್ತಿ ನೆನಪಾಗ್ತಿದ್ದೆ ಕಣೋ, ಹಾಳಾದೋನೆ."

"ಸಕ್ಕರೆ ಕಾಯಿಲೆಯವನನ್ನ ಮದುವೆ ಆಗ್ತೀಯಾ?"

"ಆಗ್ತೀನಿ. ಆದ್ರೆ ನಿಮ್ಮಮ್ಮನಿಗೆ ತಪ್ಪಾಯ್ತು ಅನ್ನಲ್ಲ. ಅವರ ಮನೆಗೆ ಸೊಸೆಯಾಗಿ ಬಂದ್ರೂ ಅನ್ನಲ್ಲ."

"ಅನ್ಬೇಡ."

"ಸಾಯೋವರೆಗೂ ಅನ್ನಲ್ಲ, ಹೇಳಿದೀನಿ."

"ಅನ್ಬೇಡ ಒತಿ. ಯಾರಾದ್ರೂ ಅನ್ನಿಸೋಕೆ ಬಂದ್ರೆ ಈ ಸಲ ನಾನು ಸುಮ್ನಿರಲ್ಲ."